ಸ್ಟೆಂಟ್ ಹಾಕಿದ್ದು ಒಂದು ಜಾಗಕ್ಕೆ, ಶುಗರ್ ಇರೋದು ಮೈತುಂಬಾ

ನಿನ್ನೆ ಗೃಹಪ್ರವೇಶದ ಊಟ. ಪಕ್ಕದ ಎಲೆಯಲ್ಲಿ ನಮ್ಮ ಭಾವ. ಹಾರ್ಟ್ ಅಟ್ಯಾಕ್ ಆಗಿ, ಕಟ್ಟಿದ ರಕ್ತನಾಳ ತೆರೆದಿಡುವ ಪುಟ್ಟ ಜಾಲರಿ ಕೊಳವೆ, ಅಂದರೆ ಸ್ಟೆಂಟ್, ಹಾಕಿಸಿಕೊಂಡು ಇನ್ನೂ ಆರು ವಾರ. ಎಲೆಗೆ ಮೂರನೇ ಹೋಳಿಗೆ ಬಿತ್ತು, ಮೇಲೆ ಎರಡು ಮಿಳ್ಳೆ ತುಪ್ಪ. "ಭಾವ, ಶುಗರ್ ಇದೆಯಲ್ಲ?" ಅಂದೆ. "ಸ್ಟೆಂಟ್ ಹಾಕಿ ಆಯ್ತಲ್ಲಮ್ಮ, ಬ್ಲಾಕ್ ಎಲ್ಲ ಕ್ಲಿಯರ್. ಶುಗರ್ ಬೇರೆ ವಿಷಯ" ಅಂದರು. ನನಗೆ ಆಮೇಲೆ ತುತ್ತು ಇಳಿಯಲಿಲ್ಲ.

ಬೇರೆ ವಿಷಯ ಅಲ್ಲ! ಬ್ರಿಟನ್ನಿನ ಲೀಡ್ಸ್ ವಿಶ್ವವಿದ್ಯಾಲಯದವರು ಅಟ್ಯಾಕ್ ಆದ ಸುಮಾರು ಏಳು ಲಕ್ಷ ಜನರ ದಾಖಲೆ ನೋಡಿ 2016ರಲ್ಲಿ ಹೇಳಿದ್ದಾರೆ. ರಕ್ತನಾಳ ಪೂರ್ತಿ ಮುಚ್ಚಿಕೊಳ್ಳುವ ದೊಡ್ಡ ಅಟ್ಯಾಕ್ ಆದವರಲ್ಲಿ, ಶುಗರ್ ಇದ್ದವರಿಗೆ ಸಾವಿನ ಅಪಾಯ ಶೇ. 56 ಜಾಸ್ತಿ. ನಾಳ ಪೂರ್ತಿ ಮುಚ್ಚದ ಇನ್ನೊಂದು ಬಗೆಯ ಅಟ್ಯಾಕ್‌ನಲ್ಲಿ ಶೇ. 39. ವಯಸ್ಸು, ಬೇರೆ ಕಾಯಿಲೆ, ಸಿಕ್ಕ ಚಿಕಿತ್ಸೆ ಎಲ್ಲ ಲೆಕ್ಕ ಹಾಕಿದ ಮೇಲೂ ಇಷ್ಟು. ಶುಗರ್ ಇದ್ದರೆ ರಕ್ತನಾಳ ಒಂದೇ ಕಡೆ ಅಲ್ಲ, ಉದ್ದಕ್ಕೂ ಕೆಡುತ್ತದೆ. ಹಾಕಿದ ಸ್ಟೆಂಟ್ ಮತ್ತೆ ಕಟ್ಟಿಕೊಳ್ಳುವುದೂ ಇವರಲ್ಲೇ ಹೆಚ್ಚು. ಕಿಡ್ನಿಗೂ ಪೆಟ್ಟು.

"ಶುಗರ್ ಇಟ್ಟುಕೊಂಡೇ ಎಂಬತ್ತು ದಾಟಿದವರಿಲ್ವಾ?" ಅಂತ ಕೇಳುತ್ತಾರೆ. ಇದ್ದಾರೆ. ದಾಟದೇ ಹೋದವರು ಊಟದ ಪಂಕ್ತಿಗೆ ಬಂದು ಹೇಳುವುದಿಲ್ಲ, ಅಷ್ಟೇ.

ಅಪ್ಪನ ವಿಷಯ ನಿಮ್ಮಲ್ಲಿ ಹಲವರಿಗೆ ಗೊತ್ತು. ಆ ರಾತ್ರಿಯದು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ. 2011. ಎದೆನೋವೇ ಇರಲಿಲ್ಲ. ಬನಿಯನ್ ಹಿಂಡುವಷ್ಟು ಬೆವರು, ಸುಸ್ತು, ಹೊಟ್ಟೆ ಉಬ್ಬರ. ಗ್ಯಾಸ್ ಅಂದುಕೊಂಡು ನಾನೇ ಸೋಡಾಕ್ಕೆ ನಿಂಬೆ ಹಿಂಡಿ ಕೊಟ್ಟೆ. ಕುಡಿದು ಮಲಗಿದರು. ಹಳೇ ಶುಗರ್ ಇದ್ದವರಿಗೆ ನರ ಸತ್ತು ನೋವೇ ಗೊತ್ತಾಗದಿರಬಹುದು ಅಂತ ಬೆಳಿಗ್ಗೆ ಇಸಿಜಿ ತೆಗೆದ ಮೇಲೆ ಡಾಕ್ಟರ್ ಹೇಳಿದರು. ಅಷ್ಟರಲ್ಲಿ ಎಂಟು ತಾಸು ಹೋಗಿತ್ತು. ಅಪ್ಪನಿಗೂ ಸ್ಟೆಂಟ್ ಹಾಕಿದರು. ನಾವೂ "ಬ್ಲಾಕ್ ಕ್ಲಿಯರ್" ಅಂತ ಸಿಹಿ ಹಂಚಿದೆವು. ಶುಗರ್ ಮಾತ್ರೆ ತಪ್ಪಿದ ದಿನ ಯಾರೂ ಕೇಳಲಿಲ್ಲ. ಹೃದಯದ ಪಂಪಿಂಗ್ ಕಮ್ಮಿಯಾಗುತ್ತಾ ಹೋಯಿತು, ಕಾಲು ಊದಿತು. ಎರಡೇ ವರ್ಷ.

ಶುಗರ್ ಇಳಿಸುವುದರ ಜೊತೆಗೆ ಹೃದಯದ ಕಾಯಿಲೆಯಿಂದ ಆಗುವ ಸಾವನ್ನೂ ಕಮ್ಮಿ ಮಾಡುವ ಮಾತ್ರೆಗಳು ಈಗ ಇವೆ. ಎಂಪಾಗ್ಲಿಫ್ಲೋಜಿನ್ ಹಾಗೆ ಮಾಡುತ್ತದೆ ಅಂತ 2015ರಲ್ಲಿ ಗೊತ್ತಾಯಿತು. ಅಪ್ಪನಿಗೆ ಅದು ಸಿಗಲಿಲ್ಲ. ಭಾವನಿಗೆ ಸರಿಹೋಗುತ್ತದಾ ಅಂತ ಡಾಕ್ಟರನ್ನು ಕೇಳಬಹುದಲ್ವಾ? ಯಾರೂ ಕೇಳಿಲ್ಲ.

ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿ ಡಿಸ್ಚಾರ್ಜ್ ಫೈಲ್ ತೆಗೆಸಿದೆ. ಮೂರು ತಿಂಗಳ ಸರಾಸರಿ ಶುಗರ್ (HbA1c) ಎಷ್ಟಿದೆ, ಓದು ಅಂದೆ. "9.8 ಅಂತ ಇದೆ ಕಣೇ, ಅದು ಜಾಸ್ತಿನಾ?" ಅಂದಳು. ತುಂಬಾನೇ ಜಾಸ್ತಿ. ಆರು ವಾರದಿಂದ ಆ ಹಾಳೆ ಬೀರುವಿನಲ್ಲೇ ಇತ್ತು. ಸೋಮವಾರ ಭಾವನನ್ನು ನಾನೇ ಕರೆದುಕೊಂಡು ಹೋಗುತ್ತಿದ್ದೇನೆ. ಸಿಟ್ಟು ಮಾಡಿಕೊಂಡಿದ್ದಾರಂತೆ. ಮಾಡಿಕೊಳ್ಳಲಿ.