ಅಳೆಯದೆ ಸ್ಪ್ಯಾನರ್ ಹಿಡಿಯಬೇಡಿ

ಹೊಸ ಬ್ಯಾಟರಿ. ಹೊಸ ಸ್ಟಾರ್ಟರ್ ಮೋಟರ್. ಬ್ಯಾಟರಿ ಚಾರ್ಜ್ ಮಾಡುವ ಹೊಸ ಆಲ್ಟರ್ನೇಟರ್. ಇಷ್ಟನ್ನೂ ಹಾಕಿಸಿಕೊಂಡ ಹಳೆಯ ಕಾರೊಂದು ಇವತ್ತು ಬಾನೆಟ್ ಎತ್ತಿಕೊಂಡು ನಿಂತಿತ್ತು. ಕೀ ತಿರುಗಿಸಿದರೆ ಅದೇ ಹಳೇ 'ಟಕ್' ಸದ್ದು, ಅಷ್ಟೇ. ದೋಷ ಇದ್ದದ್ದು ಎಂಜಿನ್‌ನಿಂದ ಕಾರಿನ ಬಾಡಿಗೆ ಬರುವ ಅರ್ತ್ ಪಟ್ಟಿಯಲ್ಲಿ, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿಯಲ್ಲಿ. ತಾಮ್ರದ ಹೆಣಿಗೆ ಹಸಿರುಗಟ್ಟಿತ್ತು, ಬೋಲ್ಟ್ ಕೆಳಗೆ ತುಕ್ಕು ಕೂತಿತ್ತು. ಬಿಚ್ಚಿ, ಉಜ್ಜಿ, ಹೊಸ ಪಟ್ಟಿ ಹಾಕಿದರೆ ಮುಗಿಯುವ ಕೆಲಸಕ್ಕೆ ಮೂರು ದುಬಾರಿ ಭಾಗಗಳು ಬಲಿಯಾಗಿದ್ದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕೋದು ಅಂತಾರಲ್ಲ, ಇದೇ ಅದು. ಅಳೆಯದೆ, ಬರೀ ಊಹೆಯ ಮೇಲೆ ಭಾಗ ಬದಲಿಸುವ ಈ ಚಾಳಿಯನ್ನು ನೋಡಿದಾಗಲೆಲ್ಲ ನನ್ನ ತಲೆ ಕೆಡುತ್ತೆ ಅನ್ನೋದು ನಿಮಗೆಲ್ಲ ಗೊತ್ತೇ ಇದೆ. ಆದರೂ ಇವತ್ತು ಮತ್ತೆ ಬರೀತೀನಿ.

ಸ್ಟಾರ್ಟರ್ ತಿರುಗುವಾಗ ಸಣ್ಣ ಪೆಟ್ರೋಲ್ ಎಂಜಿನ್ ಕೂಡ 100ರಿಂದ 200 ಆಂಪಿಯರ್ ಎಳೆಯುತ್ತೆ. ದಾರಿಯಲ್ಲೆಲ್ಲೋ 0.01 ಓಮ್ ತಡೆ ಇದ್ದರೆ ಸಾಕು, 150 ಆಂಪಿಯರ್ ಹರಿಯುವಾಗ ಒಂದೂವರೆ ವೋಲ್ಟ್ ಅಲ್ಲೇ ಕಳೆದುಹೋಗುತ್ತೆ. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು 'ಬೀಪ್ ಬಂತು, ವೈರ್ ಸರಿಯಿದೆ' ಅನ್ನೋರಿಗೆ ಇದು ಯಾವತ್ತೂ ಸಿಗಲ್ಲ. ನೂರು ಎಳೆಯಲ್ಲಿ ಐದು ಎಳೆ ಉಳಿದಿದ್ದರೂ ಬೀಪ್ ಬರುತ್ತೆ. ಹಾಗಾಗಿ ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು.

ವಿಧಾನ ಬಹಳ ಸರಳ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಎಂಜಿನ್ ಸ್ಟಾರ್ಟ್ ಆಗದಂತೆ, ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್‌ನ ಸಣ್ಣ ವೈರ್ ಕಳಚಿ. ಇಂಜೆಕ್ಷನ್ ಗಾಡಿಯಾದರೆ ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆಯಿರಿ. ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಮೊದಲು ಬ್ಯಾಟರಿ. ಕೆಲವು ಗಂಟೆ ಸುಮ್ಮನೆ ಬಿಟ್ಟ ಪೂರ್ತಿ ಚಾರ್ಜ್ ಬ್ಯಾಟರಿಯಲ್ಲಿ 12.6 ವೋಲ್ಟ್ ಇರುತ್ತೆ. 12.4 ಅಂದರೆ ಮುಕ್ಕಾಲು ಪಾಲು ಮಾತ್ರ. ಸೆಲ್ಫ್ ಹೊಡೆಯುವಾಗ ಅದು 9.6ಕ್ಕಿಂತ ಕೆಳಗಿಳಿಯಬಾರದು. ಬ್ಯಾಟರಿ ಪಾಸಾದ ಮೇಲೆ ಕಪ್ಪು ತುದಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಒತ್ತಿ. ಅದನ್ನು ಹಿಡಿದಿರುವ ಕೇಬಲ್ ಕ್ಲಾಂಪಿಗೆ ಬೇಡ, ಕಂಬಕ್ಕೆ. ಕೆಂಪು ತುದಿಯನ್ನು ಎಂಜಿನ್ ಬ್ಲಾಕಿನ ಶುದ್ಧ ಲೋಹಕ್ಕೆ ಒತ್ತಿ ಸೆಲ್ಫ್ ಹೊಡೆಸಿ. 0.2, ಹೆಚ್ಚೆಂದರೆ 0.3 ವೋಲ್ಟ್ ತೋರಿಸಬೇಕು. ಒಂದು ವೋಲ್ಟ್ ಬಂದರೆ ಕಳ್ಳ ಈ ದಾರಿಯಲ್ಲೇ ಇದ್ದಾನೆ. ಕಂಬದಿಂದ ಕ್ಲಾಂಪಿಗೆ, ಕ್ಲಾಂಪಿನಿಂದ ಬಾಡಿಗೆ, ಬಾಡಿಯಿಂದ ಎಂಜಿನ್‌ಗೆ ಒಂದೊಂದೇ ತುಂಡು ಅಳೆಯಿರಿ, ಸಿಕ್ಕಿಬೀಳ್ತಾನೆ. ಪಾಸಿಟಿವ್ ಬದಿಯಲ್ಲಿ ಕಂಬದಿಂದ ಸ್ಟಾರ್ಟರಿನ ದಪ್ಪ ಬೋಲ್ಟಿಗೆ ಅರ್ಧ ವೋಲ್ಟಿನೊಳಗೆ ಇರಬೇಕು. ಇಷ್ಟೂ ಸರಿಯಿದ್ದು, ಸ್ಟಾರ್ಟರಿನ ಸಣ್ಣ ವೈರಿಗೂ ವೋಲ್ಟೇಜ್ ಬರುತ್ತಿದ್ದು, ಆಗಲೂ ಮೋಟರ್ ತಿರುಗದಿದ್ದರೆ ಮಾತ್ರ ಸ್ಟಾರ್ಟರ್ ಇಳಿಸಿ.

ಇನ್ನೊಂದು ಸುಳಿವು. ಅರ್ತ್ ಪಟ್ಟಿ ಹಾಳಾದಾಗ ಕರೆಂಟ್ ಬೇರೆ ದಾರಿ ಹುಡುಕುತ್ತೆ. ಆಕ್ಸಿಲರೇಟರ್ ಕೇಬಲ್ಲೋ ಕ್ಲಚ್ ಕೇಬಲ್ಲೋ ಸೆಲ್ಫ್ ಹೊಡೆದ ಮೇಲೆ ಬಿಸಿಯಾಗಿದ್ದರೆ ಇನ್ನೇನೂ ಯೋಚಿಸಬೇಡಿ, ನೇರ ಆ ಪಟ್ಟಿಗೆ ಹೋಗಿ.

ಚಾರ್ಜಿಂಗ್ ಕತೆಯೂ ಇದೇ. ಎಂಜಿನ್ ಸುಮಾರು 2000 ಸುತ್ತಿನಲ್ಲಿ, ಹೆಡ್‌ಲೈಟ್ ಹಾಕಿ ಬ್ಯಾಟರಿ ಮೇಲೆ ಅಳೆದರೆ 13.8ರಿಂದ 14.5 ವೋಲ್ಟ್ ಇರಬೇಕು. 15 ದಾಟಿದರೆ ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಕುದಿಯುತ್ತೆ. ಕಡಿಮೆ ಇದ್ದರೆ ಬೆಲ್ಟ್ ಜಾರುತ್ತಿದೆಯಾ, ಆಲ್ಟರ್ನೇಟರಿನ ಹಿಂದಿನ ದಪ್ಪ ವೈರ್ ಸುಟ್ಟಿದೆಯಾ ಅಂತ ನೋಡಿದ ಮೇಲೆ ಆಲ್ಟರ್ನೇಟರ್ ಬಿಚ್ಚುವ ಮಾತು. ರಾತ್ರಿ ನಿಲ್ಲಿಸಿದ ಗಾಡಿ ಬೆಳಗ್ಗೆ ಸತ್ತಿದ್ದರೆ ನೆಗೆಟಿವ್ ಕೇಬಲ್ ಕಳಚಿ, ಕಂಬಕ್ಕೂ ಕೇಬಲ್ಲಿಗೂ ನಡುವೆ ಸಾಲಿನಲ್ಲಿ ಮೀಟರನ್ನು ಆಂಪಿಯರ್‌ಗೆ ಇಟ್ಟು ನೋಡಿ. ಸಾಮಾನ್ಯವಾಗಿ 50 ಮಿಲಿಆಂಪಿಯರಿಗಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಒಂದೊಂದೇ ಫ್ಯೂಸ್ ತೆಗೀತಾ ಹೋಗಿ, ಎಲ್ಲಿ ಬೀಳುತ್ತೋ ಆ ಸರ್ಕ್ಯೂಟ್. ಮೀಟರ್ ಹೀಗೆ ಸಾಲಿನಲ್ಲಿರುವಾಗ ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸ್ ಹೋಗುತ್ತೆ, ನೆನಪಿರಲಿ.

ಈಗ ಬಿಸಿಯಾಗುವ ಗಾಡಿಗೆ ಬನ್ನಿ. ಟೆಂಪರೇಚರ್ ಮುಳ್ಳು ಕೆಂಪಿಗೆ ಹೋದ ತಕ್ಷಣ 'ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲ್) ಹೋಗಿದೆ' ಅಂತ ತೀರ್ಪು ಕೊಡ್ತಾರಲ್ಲ, ಅದನ್ನು ಕೇಳಿದರೆ ನನಗೆ ನಿಜವಾಗಿ ಸಿಟ್ಟು ಬರುತ್ತೆ. ಯಾವಾಗ ಬಿಸಿಯಾಗುತ್ತೆ ಅಂತ ಯಾರೂ ಕೇಳಲ್ಲ! ನಿಧಾನವಾಗಿ ತೆವಳುವಾಗ ಮಾತ್ರ ಬಿಸಿಯಾಗಿ, ವೇಗ ಹಿಡಿದಾಗ ಇಳಿದರೆ ಫ್ಯಾನು, ಫ್ಯಾನಿನ ಸ್ವಿಚ್ಚು, ರಿಲೇ ನೋಡಿ. ವೇಗದಲ್ಲಿ ಮಾತ್ರ ಬಿಸಿಯಾದರೆ ರೇಡಿಯೇಟರ್ ಒಳಗೆ ಕಟ್ಟಿರಬಹುದು, ಇಲ್ಲವೇ ಕೆಳಗಿನ ಹೋಸ್ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ಹೋಗಿ, ಪಂಪ್ ಎಳೆದಾಗ ಹೋಸ್ ಚಪ್ಪಟೆಯಾಗುತ್ತಿರಬಹುದು. ಯಾರಾದರೂ ಆಕ್ಸಿಲರೇಟರ್ ಒತ್ತಿ ಹಿಡಿದಿರಲಿ, ನೀವು ಆ ಹೋಸ್ ನೋಡಿ, ಕಣ್ಣಿಗೇ ಕಾಣುತ್ತೆ.

ರೇಡಿಯೇಟರ್ ಮುಚ್ಚಳವನ್ನು ಯಾರೂ ಲೆಕ್ಕಕ್ಕೇ ಇಡಲ್ಲ. ಅದರ ಮೇಲೆ 0.9 ಅಂತ ಬರೆದಿದ್ದರೆ 0.9 ಬಾರ್ ಒತ್ತಡ ಹಿಡಿದಿಡುತ್ತೆ ಅಂತ ಅರ್ಥ. ಆ ಒತ್ತಡದಲ್ಲಿ ಬರೀ ನೀರು ಕೂಡ ಸುಮಾರು 118-119 ಡಿಗ್ರಿವರೆಗೆ ಕುದಿಯಲ್ಲ. ಸ್ಪ್ರಿಂಗ್ ಸೋತಿದ್ದರೆ 100ರ ಆಸುಪಾಸಿನಲ್ಲೇ ಕುದಿದು ಹೊರಗೆ ಬರುತ್ತೆ. ಸಿಸ್ಟಮ್‌ನಲ್ಲಿ ಅತಿ ಕಡಿಮೆ ಬೆಲೆಯ ಭಾಗ ಅದು, ಎಲ್ಲರಿಗೂ ಕೊನೆಗೆ ನೆನಪಾಗೋದೂ ಅದೇ.

'ಥರ್ಮೋಸ್ಟಾಟ್ ಕಿತ್ತು ಬಿಸಾಡಿ, ತಣ್ಣಗಿರುತ್ತೆ' ಅನ್ನೋ ಸಲಹೆಯಂತೂ ಅಪಾಯ. ಥರ್ಮೋಸ್ಟಾಟ್ ಅಂದರೆ ಎಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಬಾಗಿಲು. ಬೈಪಾಸ್ ದಾರಿಯನ್ನು ಮುಚ್ಚುವ ಕೆಲಸವನ್ನೂ ಥರ್ಮೋಸ್ಟಾಟೇ ಮಾಡುವ ಎಂಜಿನ್‌ಗಳಲ್ಲಿ, ಅದನ್ನು ತೆಗೆದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ವಾಪಸ್ ಬರುತ್ತೆ. ಆಗ ಗಾಡಿ ಇನ್ನೂ ಬಿಸಿಯಾಗಬಹುದು. ಅದರ ಬದಲು ಥರ್ಮೋಸ್ಟಾಟನ್ನು ನೀರಿನಲ್ಲಿ ಕಾಯಿಸಿ ಪರೀಕ್ಷೆ ಮಾಡಿ. ಮೇಲೆ 82 ಅಂತ ಒತ್ತಿದ್ದರೆ ಆ ಬಿಸಿಯಲ್ಲಿ ಬಾಯಿ ಬಿಡಲು ಶುರುಮಾಡಬೇಕು.

ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಇದ್ದೇ ಇದ್ದರೆ ಅದಕ್ಕೂ ಪರೀಕ್ಷೆ ಇದೆ. ಕೂಲಂಟ್‌ನೊಳಗೆ ದಹನದ ಅನಿಲ ಸೇರಿದ್ದರೆ ನೀಲಿ ದ್ರವ ಹಳದಿಗೆ ತಿರುಗುವ ಕಿಟ್ ಸಿಗುತ್ತೆ. ಗೇಜ್ ಹಾಕಿ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಿ: ಎಲ್ಲ ಪ್ಲಗ್ ಬಿಚ್ಚಿ, ಇಗ್ನಿಷನ್ ಮತ್ತು ಪೆಟ್ರೋಲ್ ತಪ್ಪಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಸಿ. ಸಿಲಿಂಡರ್ ಸಿಲಿಂಡರಿಗೆ ಹತ್ತು-ಹದಿನೈದು ಶೇಕಡಾಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ರಿಂಗ್. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೇ ಕಡಿಮೆ ತೋರಿಸಿದರೆ ಅವುಗಳ ನಡುವೆ ಗ್ಯಾಸ್ಕೆಟ್ ಒಡೆದಿರುವ ಸಾಧ್ಯತೆ ಹೆಚ್ಚು. ಆಯಿಲ್ ಮುಚ್ಚಳದ ಕೆಳಗೆ ಬಿಳಿ ನೊರೆ ಕಂಡಿತು ಅಂತಷ್ಟಕ್ಕೇ ಹೆಡ್ ಬಿಚ್ಚಬೇಡಿ. ಎಂಜಿನ್ ಪೂರ್ತಿ ಕಾಯದಷ್ಟು ಹತ್ತಿರದ ಓಡಾಟಕ್ಕೆ ಮಾತ್ರ ಬಳಸುವ ಗಾಡಿಗಳಲ್ಲಿ ಬರೀ ತೇವದಿಂದಲೂ ಅದು ಕಟ್ಟುತ್ತೆ.

ಬಿಸಿಯಾದ ಮೇಲೆ ಆಫ್ ಆಗಿ, ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಓಡುವ ಗಾಡಿಗೆ ಜನ ಬದಲಿಸದ ಭಾಗವೇ ಇಲ್ಲ. ಇಲ್ಲಿ ನಿಯಮ ಒಂದೇ, ಸತ್ತಾಗಲೇ ಪರೀಕ್ಷೆ ಮಾಡಬೇಕು. ಸ್ಪಾರ್ಕ್ ಟೆಸ್ಟರ್ ಗಾಡಿಯಲ್ಲೇ ಇರಲಿ. ಕಿಡಿ ಇಲ್ಲದಿದ್ದರೆ ಪಾಯಿಂಟ್ (ಕಾಯಿಲ್‌ನ ಕರೆಂಟ್ ಕಡಿದು ಜೋಡಿಸುವ ಸ್ವಿಚ್ಚು) ಇರುವ ಗಾಡಿಯಲ್ಲಿ ಪಾಯಿಂಟ್ ಸುಡದಂತೆ ಕಾಪಾಡುವ ಕಂಡೆನ್ಸರ್, ಆಮೇಲೆ ಕಾಯಿಲ್. ಇಂಜೆಕ್ಷನ್ ಗಾಡಿಯಲ್ಲಿ ಮೊದಲ ಅನುಮಾನ ಎಂಜಿನ್ ತಿರುಗುವುದನ್ನು ಓದುವ ಕ್ರ್ಯಾಂಕ್ ಸೆನ್ಸರ್ ಮೇಲೆ. ಎಂಜಿನ್ ಇನ್ನೂ ಉರುಳುತ್ತಿರುವಾಗಲೇ ಆರ್‌ಪಿಎಂ ಮುಳ್ಳು ಧಡಕ್ಕನೆ ಸೊನ್ನೆಗೆ ಬಿದ್ದಿತೇ ಅಂತ ಗಮನಿಸಿ. ಕಿಡಿ ಚೆನ್ನಾಗಿದ್ದರೆ ಪೆಟ್ರೋಲ್ ಕಡೆ ಹೋಗಿ. ಟ್ಯಾಂಕಿನ ಮುಚ್ಚಳ ತೆರೆದಾಗ 'ಸುಂಯ್' ಅಂತ ಗಾಳಿ ಒಳಗೆಳೆದು, ಆಮೇಲೆ ಗಾಡಿ ಓಡಿದರೆ ಟ್ಯಾಂಕಿಗೆ ಗಾಳಿಯಾಡುವ ದಾರಿ ಕಟ್ಟಿದೆ. ಪಂಪನ್ನು ಬೈಯಬೇಡಿ.

ಕಾರಿನ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ಬಂದ ಮೇಲೆ ಈ ಚಾಳಿ ಕಡಿಮೆಯಾಗುತ್ತೆ ಅಂದುಕೊಂಡರೆ ಇನ್ನೂ ಹೆಚ್ಚಾಯಿತು. ಈಗ ಊಹೆಗೆ ಒಂದು ನಂಬರ್ ಸಿಕ್ಕಿದೆ. ಪಿ0171 ಬಂತು, ಆಕ್ಸಿಜನ್ ಸೆನ್ಸರ್ ಬದಲಿಸಿ! ಆ ಕೋಡ್ ಹೇಳುವುದು ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಅಂತ ಮಾತ್ರ. ಅದನ್ನು ಪತ್ತೆ ಹಚ್ಚಿದ ಸೆನ್ಸರನ್ನೇ ಕಿತ್ತುಹಾಕೋದು ಯಾವ ನ್ಯಾಯ? ಅದೇ ಸ್ಕ್ಯಾನರಿನಲ್ಲಿ ಫ್ಯೂಯೆಲ್ ಟ್ರಿಮ್ ನೋಡಿ, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಶೇಕಡಾ ಹೆಚ್ಚು-ಕಡಿಮೆ ಮಾಡುತ್ತಿದೆ ಅನ್ನೋದು. ಐಡಲ್‌ನಲ್ಲಿ ಪ್ಲಸ್ 15-20 ತೋರಿಸಿ, 2500 ಸುತ್ತಿಗೆ ಏರಿಸಿದಾಗ ಸೊನ್ನೆಯ ಹತ್ತಿರ ಬಂದರೆ ಇನ್‌ಟೇಕ್‌ನಲ್ಲಿ ಎಲ್ಲೋ ಗಾಳಿ ಸೋರುತ್ತಿದೆ, ಬಿರುಕು ಬಿಟ್ಟ ರಬ್ಬರ್ ಪೈಪ್ ಹುಡುಕಿ. ಐಡಲ್‌ನಲ್ಲಿ ಸರಿಯಿದ್ದು ಎಂಜಿನ್ ಮೇಲೆ ಭಾರ ಬಿದ್ದಾಗ ಏರಿದರೆ ಫಿಲ್ಟರ್, ಪಂಪ್, ಒತ್ತಡ ನೋಡಿ. ಪ್ರೆಷರ್ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಕಳಚಿದಾಗ ಒಳಗೆ ಪೆಟ್ರೋಲ್ ಕಂಡರೆ ಅದರ ಡಯಾಫ್ರಾಮ್ ಹರಿದಿದೆ.

ಬ್ರೇಕ್ ಹಿಡಿದುಕೊಂಡು ಚಕ್ರ ಕಾಯುತ್ತಿದ್ದರೆ ಕ್ಯಾಲಿಪರ್ (ಬ್ರೇಕ್ ಪ್ಯಾಡ್‌ಗಳನ್ನು ಒತ್ತುವ ಭಾಗ) ಬದಲಿಸೋದು ಇನ್ನೊಂದು ಚಟ. ಚಕ್ರ ಎತ್ತಿ, ಜಾಕ್ ಸ್ಟ್ಯಾಂಡ್ ಕೊಟ್ಟು, ಬ್ಲೀಡ್ ನಿಪ್ಪಲ್ (ಬ್ರೇಕಿನ ಏರ್ ತೆಗೆಯುವ ತಿರುಪು) ಒಂದಿಷ್ಟು ಸಡಿಲಿಸಿ. ದ್ರವ ಚಿಮ್ಮಿ ಚಕ್ರ ಬಿಟ್ಟರೆ ಒಳಗೆ ಒತ್ತಡ ಸಿಕ್ಕಿಬಿದ್ದಿದೆ. ಸಾಮಾನ್ಯವಾಗಿ ಹಳೆಯ ರಬ್ಬರ್ ಹೋಸ್ ಒಳಗೇ ಉಬ್ಬಿ, ದ್ರವವನ್ನು ಹೋಗಲು ಬಿಟ್ಟು ವಾಪಸ್ ಬರಲು ಬಿಡುತ್ತಿಲ್ಲ. ಹೊರಗಿನಿಂದ ನೋಡಿದರೆ ಹೋಸ್ ಹೊಸದರಂತೆ ಇರುತ್ತೆ. ನಿಪ್ಪಲ್ ಬಿಚ್ಚಿದರೂ ಚಕ್ರ ಬಿಗಿಯಾಗೇ ಇದ್ದರೆ ಪಿಸ್ಟನ್ ಅಥವಾ ಸ್ಲೈಡ್ ಪಿನ್ ಜಾಮ್ ಆಗಿದೆ. ಪರೀಕ್ಷೆ ಆದ ಮೇಲೆ ಏರ್ ತೆಗೆಯಲು ಮರೆಯಬೇಡಿ. ಡಾಟ್ 3, ಡಾಟ್ 4 ದರ್ಜೆಯ ಬ್ರೇಕ್ ದ್ರವ ತೇವ ಹೀರುತ್ತೆ. ಡಾಟ್ 4ರ ಕುದಿಬಿಂದು ಹೊಸದರಲ್ಲಿ ಕನಿಷ್ಠ 230 ಡಿಗ್ರಿ, ತೇವ ಕುಡಿದ ಮೇಲೆ 155ಕ್ಕೆ ಇಳಿಯಬಹುದು. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸಿ. ಸಿಲಿಕೋನ್ ಆಧಾರದ ಡಾಟ್ 5 ಅನ್ನು ಇವುಗಳ ಜೊತೆ ಬೆರೆಸಲೇಬೇಡಿ.

'ಹಳೇ ಗಾಡಿ ತಾನೇ, ಹೇಗೂ ಎಲ್ಲ ಸವೆದಿರುತ್ತೆ, ಬದಲಿಸಿದರೆ ನಷ್ಟ ಏನು?' ಅಂತ ಕೇಳೋರಿದ್ದಾರೆ. ರಬ್ಬರ್ ಭಾಗಗಳಿಗೆ ಈ ಮಾತು ಒಪ್ತೀನಿ. ಟೈಮಿಂಗ್ ಬೆಲ್ಟ್, ಪೆಟ್ರೋಲ್ ಹೋಸ್, ಬ್ರೇಕ್ ಹೋಸ್‌ಗಳನ್ನು ವಯಸ್ಸು ನೋಡಿಯೇ ತೆಗೀಬೇಕು. ಅದು ಊಹೆಯಲ್ಲ, ಲೆಕ್ಕ. ಉಳಿದದ್ದಕ್ಕೆ ಒಪ್ಪಲ್ಲ. ಇಷ್ಟು ವರ್ಷ ಓಡಿದ ಒರಿಜಿನಲ್ ಭಾಗವನ್ನು ಕಿತ್ತು, ಅದರ ಜಾಗಕ್ಕೆ ಗುಣಮಟ್ಟ ಗೊತ್ತಿಲ್ಲದ ಡ್ಯೂಪ್ಲಿಕೇಟ್ ಹಾಕ್ತೀರಿ. ಬಿಚ್ಚುವಾಗ ಒಣಗಿದ ಪ್ಲಾಸ್ಟಿಕ್ ಕನೆಕ್ಟರ್ ಮುರಿಯುತ್ತೆ, ಅಲ್ಯೂಮಿನಿಯಂ ಹೆಡ್ಡಿನಲ್ಲಿ ಸ್ಟಡ್ ತುಂಡಾಗುತ್ತೆ. ಒಂದು ದೋಷ ಇದ್ದ ಗಾಡಿಯಲ್ಲಿ ಈಗ ಎರಡು. ಎರಡನೆಯದನ್ನು ಯಾರೂ ಹುಡುಕಲ್ಲ, ಯಾಕೆಂದರೆ ಅದು 'ಹೊಸದು'.

ಸ್ಪೇರ್ ಪಾರ್ಟ್ಸ್ ಹುಡುಕುವಲ್ಲೂ ಇದೇ ಊಹೆಯ ಕಾಟ. ಕಾರಿನ ಹೆಸರು ಮತ್ತು ವರ್ಷ ಹೇಳಿ ಭಾಗ ಕೇಳಬೇಡಿ. ಒಂದೇ ವರ್ಷದ ನಡುವೆ ಕಂಪನಿಗಳು ಭಾಗ ಬದಲಿಸಿರುತ್ತವೆ. ಚಾಸಿ ನಂಬರ್, ಎಂಜಿನ್ ನಂಬರ್, ಆಮೇಲೆ ಬಿಚ್ಚಿದ ಭಾಗದ ಮೇಲಿನ ನಂಬರ್, ಈ ಮೂರನ್ನೂ ಕೊಡಿ. 1981ರಿಂದೀಚೆಗೆ ರೂಢಿಗೆ ಬಂದ 17 ಅಕ್ಷರದ ಚಾಸಿ ನಂಬರಿನಲ್ಲಿ ಐ, ಓ, ಕ್ಯೂ ಅಕ್ಷರಗಳು ಇರುವುದೇ ಇಲ್ಲ. ಹಾಗಾಗಿ ಐ, ಓ ಥರ ಕಂಡದ್ದನ್ನು ಅಂಕಿ 1, ಅಂಕಿ 0 ಅಂತಲೇ ಬರೆದುಕೊಳ್ಳಿ. ಹಳೆಯ ಪಾರ್ಟ್ ನಂಬರ್ ನಿಂತುಹೋಗಿದ್ದರೆ ಅದರ ಬದಲಿಗೆ ಬಂದ ಹೊಸ ನಂಬರ್ ಯಾವುದು ಅಂತ ಕೇಳಿ. ಎಷ್ಟೋ ಸಲ ಭಾಗ ಇರುತ್ತೆ, ನಂಬರ್ ಮಾತ್ರ ಬದಲಾಗಿರುತ್ತೆ.

ಬಹಳಷ್ಟು ಭಾಗಗಳಿಗೆ ಕಾರಿನ ಹೆಸರೇ ಬೇಕಿಲ್ಲ. ಆಲ್ಟರ್ನೇಟರ್ ಬೇರಿಂಗಿನ ಮೇಲೆ 6203 ಅಂತಿದ್ದರೆ ಒಳವ್ಯಾಸ 17, ಹೊರವ್ಯಾಸ 40, ದಪ್ಪ 12 ಮಿಲಿಮೀಟರ್, ಜಗತ್ತಿನ ಯಾವ ಮೂಲೆಯಲ್ಲೂ ಅಷ್ಟೇ. ಕೊನೆಯ 2ಆರ್‌ಎಸ್ ಅಂದರೆ ಎರಡೂ ಕಡೆ ರಬ್ಬರ್ ಸೀಲ್. ಆಯಿಲ್ ಸೀಲ್ ಮೇಲೆ 35-52-7 ಅಂದರೆ ಶಾಫ್ಟಿನ ವ್ಯಾಸ, ಸೀಲ್ ಕೂರುವ ಗೂಡಿನ ವ್ಯಾಸ, ದಪ್ಪ, ಮಿಲಿಮೀಟರ್‌ನಲ್ಲಿ. ಬೆಲ್ಟ್ ಮೇಲೆ 6ಪಿಕೆ1750 ಅಂದರೆ ಆರು ಗೆರೆ, 1750 ಮಿಲಿಮೀಟರ್ ಉದ್ದ. ಕಾರಿನ ಕಂಪನಿ ಕೈಬಿಟ್ಟಿದೆ ಅಂತ ಕೊರಗುವ ಮೊದಲು ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯಿರಿ.

ನಂಬರ್ ಓದುವಾಗ ಎಚ್ಚರ ಮಾತ್ರ ಬೇಕು. ಪ್ಲಗ್‌ಗಳಲ್ಲಿ ಎನ್‌ಜಿಕೆ ಕಂಪನಿಯ ಅಂಕಿ ಹೆಚ್ಚಾದಷ್ಟೂ ಪ್ಲಗ್ ತಣ್ಣಗಿನದು (ಬಿಸಿಯನ್ನು ಬೇಗ ಬಿಟ್ಟುಕೊಡುವಂಥದ್ದು), ಬಾಷ್ ಕಂಪನಿಯದರಲ್ಲಿ ಅಂಕಿ ಹೆಚ್ಚಾದಷ್ಟೂ ಬಿಸಿಯದು. ಕಂಪನಿ ಬದಲಿಸಿ ಅಂಕಿ ಅದೇ ಇಟ್ಟರೆ ತಪ್ಪು ಪ್ಲಗ್ ಬರಬಹುದು. ಎನ್‌ಜಿಕೆಯ ಬಿಪಿ6ಇಎಸ್ ಮತ್ತು ಬಿಪಿ6ಎಚ್‌ಎಸ್ ಒಂದಕ್ಷರದ ವ್ಯತ್ಯಾಸ. ಮೊದಲನೆಯದರ ಮರೆಯ (ಥ್ರೆಡ್) ಉದ್ದ 19 ಮಿಲಿಮೀಟರ್, ಎರಡನೆಯದು 12.7. ಉದ್ದದ್ದನ್ನು ಗಿಡ್ಡ ತೂತಿಗೆ ಹಾಕಿದರೆ ಪಿಸ್ಟನ್‌ಗೆ ತಗಲಬಹುದು. ಕಾಯಿಲ್ ಕೊಳ್ಳುವಾಗ ಪ್ರೈಮರಿ (ಸಣ್ಣ ವೈರ್‌ಗಳು ಕೂರುವ ಎರಡು ತುದಿಗಳ ನಡುವೆ) ಅಳೆಯಿರಿ: ಸುಮಾರು 3 ಓಮ್ ಇದ್ದರೆ ನೇರ 12 ವೋಲ್ಟಿನದು, ಒಂದೂವರೆ ಓಮ್ ಇದ್ದರೆ ಕರೆಂಟ್ ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಬೇಡುವಂಥದ್ದು. ಎರಡನೆಯದನ್ನು ಬ್ಯಾಲಸ್ಟ್ ಇಲ್ಲದೆ ಕಟ್ಟಿದರೆ ಕಾಯಿಲ್ ಕಾಯುತ್ತೆ, ಪಾಯಿಂಟ್ ಸುಡುತ್ತೆ. ಕಂಡೆನ್ಸರ್ 0.2-0.25 ಮೈಕ್ರೋಫ್ಯಾರಡ್ ಆಸುಪಾಸು ಇರಬೇಕು. ಪಾಯಿಂಟಿನ ಒಂದು ಮುಖದಲ್ಲಿ ಗುಳಿ, ಎದುರು ಮುಖದಲ್ಲಿ ಗುಡ್ಡೆ ಕಂಡರೆ ಕಂಡೆನ್ಸರ್ ಹೊಂದುತ್ತಿಲ್ಲ.

ಪೆಟ್ಟಿಗೆಯಲ್ಲೇ ಉಳಿದ ಹಳೇ ಸ್ಟಾಕ್ ಸಿಕ್ಕರೆ ಕಣ್ಣು ಮುಚ್ಚಿ ಖುಷಿಪಡಬೇಡಿ. ಗೇರು, ಶಾಫ್ಟು, ಕಾರ್ಬ್ಯುರೇಟರ್ ಜೆಟ್ಟು ಆದರೆ ಚಿನ್ನ. ಬ್ರೇಕ್ ಕಿಟ್, ಹೋಸ್, ಬೆಲ್ಟ್ ಆದರೆ ಬೇಡ, ರಬ್ಬರಿಗೆ ಕಪಾಟಿನಲ್ಲೂ ವಯಸ್ಸಾಗುತ್ತೆ. ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿದ್ದರೆ ಎಸ್‌ಎಇ ಜೆ30 ಆರ್9 ಗುರುತಿನ ಹೋಸ್ ಹಾಕಿ, ಹಳೆಯ ರಬ್ಬರ್ ಅದಕ್ಕೆ ತಡೆಯಲ್ಲ. ಗುಜರಿಯಿಂದ ವೈಪರ್ ಮೋಟರ್, ಕಿಟಕಿ ಮೆಷಿನ್, ಹ್ಯಾಂಡಲ್, ಗಾಜು, ಸೆನ್ಸರ್ ಬ್ರಾಕೆಟ್ ಧಾರಾಳವಾಗಿ ತನ್ನಿ. ಎಲೆಕ್ಟ್ರಿಕ್ ಭಾಗವಾದರೆ ಅದರ ಕನೆಕ್ಟರನ್ನೂ ಒಂದು ಗೇಣು ವೈರಿನ ಸಮೇತ ಕತ್ತರಿಸಿ ತನ್ನಿ, ನಿಮ್ಮ ಗಾಡಿಯ ಕನೆಕ್ಟರ್ ಮುರಿದಿದ್ದಾಗ ಅದೇ ಕೈಹಿಡಿಯೋದು. ಹೊಸ ಭಾಗ ಕೂರಿಸಿದ ಮೇಲೆ ಮೊದಲಿನ ಅದೇ ಅಳತೆಯನ್ನು ಮತ್ತೆ ತೆಗೆದುಕೊಳ್ಳಿ. ಅಂಕಿ ಬದಲಾಗದಿದ್ದರೆ ಹಳೆಯದನ್ನೇ ವಾಪಸ್ ಹಾಕಿ, ಹೊಸದನ್ನು ಅಂಗಡಿಗೆ ಹಿಂದಿರುಗಿಸಿ, ಹುಡುಕಾಟವನ್ನು ಮೀಟರಿನಿಂದ ಮತ್ತೆ ಶುರು ಮಾಡಿ.