ಪರದೆಯ ಕೆಳಗಿನ ಎರಡು ಸಾಲು

ಬರ್ಲಿನ್‌ಗೆ ಬಂದ ಹೊಸತರಲ್ಲಿ ಇಲ್ಲಿನ ಸಿನಿಮಾ ಪಟ್ಟಿ ಓದುವುದನ್ನು ಕಲಿಯೋಕೇ ನನಗೆ ಸ್ವಲ್ಪ ದಿನ ಹಿಡಿಯಿತು. ಜರ್ಮನಿಯ ದೊಡ್ಡ ಚಿತ್ರಮಂದಿರಗಳಲ್ಲಿ ಹೊರದೇಶದ ಸಿನಿಮಾ ಅಂದರೆ ಬಹುತೇಕ ಡಬ್ ಆದ ಸಿನಿಮಾ. ಹಾಲಿವುಡ್ ನಟನೂ ಜರ್ಮನ್ ಮಾತಾಡುತ್ತಾನೆ, ಕೊರಿಯಾದ ಅಜ್ಜಿಯೂ ಜರ್ಮನ್‌ನಲ್ಲೇ ಬೈಯುತ್ತಾಳೆ. ಆದರೆ ಕೆಲವು ಸಿನಿಮಾಗಳ ಹೆಸರಿನ ಮುಂದೆ ಮೂರು ಅಕ್ಷರ ಇರುತ್ತದೆ, ಓ ಎಮ್ ಯು. ಮಾತು ಮೂಲ ಭಾಷೆಯಲ್ಲೇ, ಕೆಳಗೆ ಜರ್ಮನ್ ಸಬ್‌ಟೈಟಲ್ ಅಂತ ಅರ್ಥ. ಆ ಮೂರಕ್ಷರ ಹುಡುಕಿಕೊಂಡು ಹೋದರೆ ನೀವು ಹೆಚ್ಚಾಗಿ ತಲುಪುವುದು ಯಾವುದೋ ಸಣ್ಣ ಆರ್ಟ್‌ಹೌಸ್ ಥಿಯೇಟರಿಗೆ, ಅಂದರೆ ಮಾಮೂಲಿ ಕಮರ್ಷಿಯಲ್ ಸಿನಿಮಾ ಬಿಟ್ಟು ಕಲಾತ್ಮಕ ಸಿನಿಮಾಗಳನ್ನು ತೋರಿಸುವ ಥಿಯೇಟರಿಗೆ.

ನಾನು ಮೊದಲು ಹೋಗಿದ್ದು ಕ್ರಾಯ್ಟ್ಸ್‌ಬರ್ಗ್ ಬಡಾವಣೆಯ ಎಫ್‌ಎಸ್‌ಕೆ ಥಿಯೇಟರಿಗೆ. ಅವತ್ತು ಮಂಗಳವಾರ. ಇರಾನಿನ ಸಿನಿಮಾ. ಒಳಗೆ ಹದಿನೈದು ಇಪ್ಪತ್ತು ಜನ ಇದ್ದರು. ಕೆಲಸ ಮುಗಿಸಿ ಬ್ಯಾಗ್ ಹೊತ್ತು ಬಂದವರು, ಒಬ್ಬರೇ ಬಂದಿದ್ದ ವಯಸ್ಸಾದ ಹೆಂಗಸು, ಇಬ್ಬರು ಕಾಲೇಜು ಹುಡುಗರು. ಇಂಟರ್ವಲ್ ಇಲ್ಲ. ಸಿನಿಮಾ ಮುಗಿದ ಮೇಲೂ ಕೊನೆಯ ಹೆಸರು ಬರುವವರೆಗೆ ಯಾರೂ ಏಳಲಿಲ್ಲ. ಆ ಜನರಲ್ಲಿ ಯಾರೂ ಸಿನಿಮಾ ಪಂಡಿತರ ಹಾಗೆ ಕಾಣಲಿಲ್ಲ. ಅದೇ ನನಗೆ ತುಂಬಾ ಹಿಡಿಸಿತು. ಅವರಿಗೆ ಅದು ಹಬ್ಬವೂ ಅಲ್ಲ, ಅಧ್ಯಯನವೂ ಅಲ್ಲ. ಒಂದು ಮಂಗಳವಾರದ ಸಂಜೆ, ಅಷ್ಟೆ.

ನಮ್ಮಲ್ಲಿ ಇದಕ್ಕೆ ಹೋಲಿಸಬಹುದಾದ್ದು ಏನಿದೆ ಅಂತ ನಾನು ಆಗಾಗ ಯೋಚಿಸುತ್ತೇನೆ. ಬೆಂಗಳೂರು ಅಂತಾರಾಷ್ಟ್ರೀಯ ಚಿತ್ರೋತ್ಸವ ಇದೆ. ಒಳ್ಳೆಯ ಸಿನಿಮಾಗಳು ಬರುತ್ತವೆ, ಸಾಲು ನಿಂತು ನೋಡುವ ಜನವೂ ಇದ್ದಾರೆ. ಆದರೆ ಅದು ಜಾತ್ರೆ. ವರ್ಷಕ್ಕೊಮ್ಮೆ, ಸುಮಾರು ಒಂದು ವಾರ. ರಜೆ ಹಾಕಿ, ದಿನಕ್ಕೆ ನಾಲ್ಕೈದು ಸಿನಿಮಾ ನುಂಗಿ, ಕೊನೆಗೆ ಯಾವುದರಲ್ಲಿ ಯಾವ ಕತೆ ಅನ್ನೋದೇ ಕಲಸಿಹೋಗುತ್ತದೆ. ಜಾತ್ರೆ ಬೇಕು, ಅದರ ಸಂಭ್ರಮವೇ ಬೇರೆ. ಆದರೆ ಮನೆ ನಡೆಯುವುದು ವಾರದ ಸಂತೆಯಿಂದ ಅಲ್ವಾ? ಆ ಸಂತೆ ನಮ್ಮಲ್ಲಿಲ್ಲ. 1971ರಲ್ಲಿ ಶುರುವಾದ ಸುಚಿತ್ರಾದಂಥ ಫಿಲ್ಮ್ ಸೊಸೈಟಿಗಳು, ಅಂದರೆ ಸದಸ್ಯರು ಸೇರಿ ಒಳ್ಳೆಯ ಸಿನಿಮಾ ನೋಡುವ ಸಂಘಗಳು, ಎಷ್ಟೋ ವರ್ಷ ಆ ಕೆಲಸ ಮಾಡಿದವು. ಅವರ ಋಣ ದೊಡ್ಡದು. ಆದರೂ ಯಾರು ಬೇಕಾದರೂ ಟಿಕೆಟ್ ತಗೊಂಡು ಯಾವ ವಾರ ಬೇಕಾದರೂ ಹೋಗಿ ಕೂರಬಹುದಾದ ಒಂದು ಆರ್ಟ್‌ಹೌಸ್ ಥಿಯೇಟರ್ ಕರ್ನಾಟಕದಲ್ಲಿ ಎಲ್ಲಿದೆ ಅಂತ ಇಲ್ಲಿನ ಗೆಳೆಯರು ಕೇಳಿದರೆ ನನ್ನ ಬಾಯಲ್ಲಿ ಒಂದು ಹೆಸರೂ ಬರುವುದಿಲ್ಲ.

ಜರ್ಮನರಿಗೆ ಕಲೆಯ ಮೇಲೆ ಪ್ರೀತಿ ಜಾಸ್ತಿ, ನಮಗೆ ಕಡಿಮೆ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಇಲ್ಲಿ ಆ ಕುರ್ಚಿಗಳ ಹಿಂದೆ ದುಡ್ಡಿದೆ, ದುಡ್ಡಿನ ಹಿಂದೆ ಒಂದು ತೀರ್ಮಾನ ಇದೆ. 1971ರಲ್ಲಿ ಫ್ರಾಂಕ್‌ಫರ್ಟ್ ನಗರಾಡಳಿತ ತನ್ನದೇ ದುಡ್ಡಿನಲ್ಲಿ ಒಂದು ಚಿತ್ರಮಂದಿರ ತೆರೆಯಿತು. ಊರಿಗೊಂದು ಗ್ರಂಥಾಲಯ ಇರುವ ಹಾಗೆ ಒಂದು ಸಿನಿಮಾ ಮನೆಯೂ ಇರಲಿ ಅನ್ನುವ ವಿಚಾರ. ಖಾಸಗಿ ಥಿಯೇಟರಿನವರು ಕೋರ್ಟಿಗೆ ಹೋದರು, ಕೋರ್ಟು ನಗರದ ಪರ ನಿಂತಿತು. ಆಮೇಲೆ ಬೇರೆ ಬೇರೆ ಊರುಗಳಲ್ಲಿ ಇಂಥ ಮಂದಿರಗಳು ಹುಟ್ಟಿಕೊಂಡವು. ಬೇರೆ ಥರದ ಸಿನಿಮಾಗಳನ್ನು ಬೇರೆ ಥರದಲ್ಲೇ ತೋರಿಸೋಣ ಅನ್ನುವುದು ಅವರ ಘೋಷಣೆ. 1992ರಲ್ಲಿ ಯುರೋಪಾ ಸಿನೆಮಾಸ್ ಅನ್ನುವ ಜಾಲ ಶುರುವಾಯಿತು. ಯುರೋಪಿನ ಬೇರೆ ದೇಶಗಳ ಸಿನಿಮಾ ತೋರಿಸುವ ಥಿಯೇಟರುಗಳಿಗೆ ಅದರ ಮೂಲಕ ಯುರೋಪಿಯನ್ ಒಕ್ಕೂಟದ ದುಡ್ಡು ಸಿಗುತ್ತದೆ. ಒಳ್ಳೆಯ ಸಿನಿಮಾಗಳನ್ನು ಆರಿಸಿ ತೋರಿಸುವ ಥಿಯೇಟರುಗಳಿಗೆ ಜರ್ಮನ್ ಸರ್ಕಾರ ಪ್ರತಿವರ್ಷ ಬಹುಮಾನವನ್ನೂ ಕೊಡುತ್ತದೆ.

ಅಂದರೆ ಇವರು ಸಿನಿಮಾ ಮಾಡುವವರಿಗೂ ಕೊಡುತ್ತಾರೆ, ತೋರಿಸುವವರಿಗೂ ಕೊಡುತ್ತಾರೆ. ನಮ್ಮ ಸರ್ಕಾರ 1960ರ ದಶಕದಿಂದಲೇ ಕನ್ನಡ ಸಿನಿಮಾಗಳಿಗೆ ಸಬ್ಸಿಡಿ ಕೊಡುತ್ತಾ ಬಂದಿದೆ. ಅದರಿಂದ ಎಷ್ಟೋ ಒಳ್ಳೆಯ ಚಿತ್ರಗಳು ಹುಟ್ಟಿದವು. ಆದರೆ ಹುಟ್ಟಿದ ಮಗುವಿಗೆ ಮನೆ ಬೇಡವೇ? ಸಣ್ಣ ಕನ್ನಡ ಸಿನಿಮಾ ಶುಕ್ರವಾರ ಬಂದು, ಬೆಳಗ್ಗೆ ಹತ್ತು ಗಂಟೆಯ ಒಂದು ಶೋನಲ್ಲಿ ಕೂತು, ನಾಲ್ಕು ಜನಕ್ಕೆ ಸುದ್ದಿ ಮುಟ್ಟುವ ಮುಂಚೆಯೇ ಎದ್ದು ಹೋಗುತ್ತದೆ. ಹೋದ ಸಲ ಊರಿಗೆ ಬಂದಾಗ ಹಾಗೆ ಎರಡು ಸಿನಿಮಾ ನನ್ನ ಕೈತಪ್ಪಿ ಹೋದವು. ಇದಕ್ಕೆ ಯುರೋಪಿನ ಕಡೆಗೇ ನೋಡಬೇಕು ಅಂತಿಲ್ಲ. ಪಕ್ಕದ ಕೇರಳದಲ್ಲಿ 1975ರಲ್ಲೇ ಸರ್ಕಾರಿ ಚಲನಚಿತ್ರ ಅಭಿವೃದ್ಧಿ ನಿಗಮ ಹುಟ್ಟಿತು. ತಿರುವನಂತಪುರದ ಕೈರಳಿ, ಶ್ರೀ, ನಿಳಾ ಥಿಯೇಟರುಗಳು ಆ ನಿಗಮದವೇ.

ಆದರೆ ನನಗೆ ನಿಜವಾಗಿ ಹೇಳಬೇಕಾದ್ದು ಕುರ್ಚಿಗಳ ಬಗ್ಗೆ ಅಲ್ಲ. ಪರದೆಯ ಕೆಳಗಿನ ಆ ಎರಡು ಸಾಲುಗಳ, ಅಂದರೆ ಸಬ್‌ಟೈಟಲ್‌ಗಳ ಬಗ್ಗೆ.

ಕೆಲವು ವರ್ಷದ ಹಿಂದೆ ಅಪ್ಪನನ್ನು ಬೆಂಗಳೂರಿನಲ್ಲಿ ಒಂದು ವಿದೇಶಿ ಸಿನಿಮಾಗೆ ಕರೆದುಕೊಂಡು ಹೋಗಿದ್ದೆ. ಅಪ್ಪ ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದವರು. ಕನ್ನಡ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು. ಇಂಗ್ಲಿಷ್ ಓದಲು ಬರುತ್ತದೆ, ಆದರೆ ಪರದೆ ಮೇಲೆ ಅದು ಓಡುವ ವೇಗಕ್ಕಲ್ಲ. ಪ್ರತಿ ಎರಡು ನಿಮಿಷಕ್ಕೆ "ಏನಂದ ಅವನು?" ಅಂತ ಕೇಳುತ್ತಿದ್ದರು. ನಾನು ಪಿಸುಗುಟ್ಟುತ್ತಿದ್ದೆ. ಮುಂದಿನ ಸಾಲಿನವರು ತಿರುಗಿ ನೋಡಿದ ಮೇಲೆ ಅಪ್ಪ ಕೇಳುವುದನ್ನೇ ನಿಲ್ಲಿಸಿಬಿಟ್ಟರು. ಉಳಿದ ಮುಕ್ಕಾಲು ಗಂಟೆ ಸುಮ್ನೆ ಮುಖಗಳನ್ನು ನೋಡುತ್ತಾ ಕೂತಿದ್ದರು. ಹೊರಗೆ ಬಂದ ಮೇಲೆ "ಸಿನಿಮಾ ಚೆನ್ನಾಗಿತ್ತು ಕಣೋ. ನಂಗೆ ಅರ್ಧ ಸಿಕ್ತು" ಅಂದರು. ಆಮೇಲೆ, "ಹೆಗ್ಗೋಡಲ್ಲಿ ನೋಡ್ತಿದ್ದಾಗ ಹೀಗಾಗ್ತಿರಲಿಲ್ಲ. ಮೊದಲೇ ಕನ್ನಡದಲ್ಲಿ ಕತೆ ಹೇಳ್ತಿದ್ರು" ಅಂದರು.

ಹೆಗ್ಗೋಡಿನ ಮಾತು ಬಂದರೆ ನನಗೆ ಎದೆ ಉಬ್ಬುತ್ತದೆ. ಸಾಗರದ ಹತ್ತಿರದ ಆ ಅಡಿಕೆ ತೋಟಗಳ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲೇ ನೀನಾಸಂ ಚಿತ್ರಸಮಾಜ ಕಟ್ಟಿದರು. ಜಗತ್ತಿನ ದೊಡ್ಡ ದೊಡ್ಡ ಸಿನಿಮಾಗಳನ್ನು ಹಳ್ಳಿಯ ಜನರ ಮುಂದೆ ತಂದರು. ರೈತರು, ಕೂಲಿಯವರು, ಮೇಷ್ಟ್ರುಗಳು ಕೂತು ನೋಡಿದರು, ಕನ್ನಡದಲ್ಲೇ ಚರ್ಚೆ ಮಾಡಿದರು. ಹಾಗಾಗಿ "ನಮ್ಮ ಜನಕ್ಕೆ ಇದೆಲ್ಲ ಬೇಡ" ಅನ್ನುವ ಮಾತನ್ನು ನಾನು ನಂಬುವುದಿಲ್ಲ. ಐವತ್ತು ವರ್ಷದ ಹಿಂದೆಯೇ ಬೇಕು ಅಂದಿದ್ದಾರೆ ನಮ್ಮ ಜನ.

ಇಲ್ಲಿ ನೋಡಿ. ಬರ್ಲಿನ್‌ನಲ್ಲಿ ಇರಾನಿನ ಸಿನಿಮಾ ನೋಡುವ ಬಸ್ ಡ್ರೈವರ್ ತನ್ನ ಭಾಷೆಯಲ್ಲೇ ಆ ಎರಡು ಸಾಲು ಓದುತ್ತಾನೆ. ಬೆಂಗಳೂರಿನಲ್ಲಿ ಅದೇ ಸಿನಿಮಾ ನೋಡಲು ಅಪ್ಪನಿಗೆ ಇಂಗ್ಲಿಷ್ ಬೇಕು. ನಾನು ಊರಿನಲ್ಲಿ ನೋಡಿದ ವಿದೇಶಿ ಚಿತ್ರಗಳಿಗೆಲ್ಲ ಇಂಗ್ಲಿಷ್ ಸಬ್‌ಟೈಟಲ್ಲೇ ಇತ್ತು, ಒಂದಕ್ಕೂ ಕನ್ನಡ ಇರಲಿಲ್ಲ. ಜಗತ್ತಿಗೆ ಕಿಟಕಿ ಅಂತ ನಾವು ಹೆಮ್ಮೆಯಿಂದ ಹೇಳುವ ಪರದೆಯ ಮುಂದೆ ನಮ್ಮದೇ ಊರಿನಲ್ಲಿ ನಮ್ಮದೇ ಭಾಷೆ ಹೊರಗೆ ನಿಂತಿದೆ. ಇದು ನನಗೆ ನೋವಿನ ವಿಷಯ.

ಡಬ್ಬಿಂಗ್ ಮಾಡಬಹುದಲ್ಲ ಅನ್ನುತ್ತೀರಿ. ದಶಕಗಟ್ಟಲೆ ಕನ್ನಡಕ್ಕೆ ಡಬ್ ಮಾಡುವ ಹಾಗೇ ಇರಲಿಲ್ಲ. ಅದು ಸರ್ಕಾರದ ಕಾನೂನಲ್ಲ, ಚಿತ್ರರಂಗದ ಕಟ್ಟಳೆ. 2015ರಲ್ಲಿ, ವ್ಯಾಪಾರದಲ್ಲಿ ಪೈಪೋಟಿ ನ್ಯಾಯವಾಗಿದೆಯೇ ಅಂತ ನೋಡುವ ಭಾರತೀಯ ಸ್ಪರ್ಧಾ ಆಯೋಗ ಅದು ಸರಿಯಲ್ಲ ಅಂದಿತು. ಈಗ ದೊಡ್ಡ ಬಜೆಟ್ಟಿನ ಸಿನಿಮಾಗಳು ಕನ್ನಡದಲ್ಲೂ ಬರುತ್ತವೆ, ಒಳ್ಳೆಯದೇ ಆಯಿತು. ಆದರೆ ಸಣ್ಣ ಸಿನಿಮಾಗೆ ಅಷ್ಟು ದುಡ್ಡು ಯಾರು ಹಾಕುತ್ತಾರೆ? ಮತ್ತೆ, ಮನುಷ್ಯನ ದನಿ ಕಿತ್ತುಕೊಂಡರೆ ಇಂಥ ಸಿನಿಮಾಗಳಲ್ಲಿ ಉಳಿಯುವುದು ಕಡಿಮೆ. ಸಬ್‌ಟೈಟಲ್‌ಗೆ ಬೇಕಾದ್ದು ಒಬ್ಬ ಒಳ್ಳೆ ಅನುವಾದಕ ಮತ್ತು ಒಂದು ಕಂಪ್ಯೂಟರ್. ಚಿತ್ರೋತ್ಸವಗಳಲ್ಲಿ ಪರದೆಯ ಕೆಳಗೆ ಇನ್ನೊಂದು ಪಟ್ಟಿ ಇಟ್ಟು, ಬೇರೆ ಪ್ರೊಜೆಕ್ಟರಿನಿಂದ ಸಾಲುಗಳನ್ನು ಬಿಡುವ ರೂಢಿಯೂ ಇದೆ. ಮೂಲ ಸಿನಿಮಾವನ್ನು ಮುಟ್ಟಬೇಕಾಗಿಯೇ ಇಲ್ಲ. ನಮ್ಮ ಚಿತ್ರೋತ್ಸವ ದಿನಕ್ಕೆ ಒಂದೇ ಒಂದು ಸಿನಿಮಾಗೆ ಹೀಗೆ ಮಾಡಿದರೂ ಶುರುವಾದ ಹಾಗಾಯಿತು.

2025ರ ಬರ್ಲಿನ್ ಚಿತ್ರೋತ್ಸವದ ಫೋರಂ ವಿಭಾಗಕ್ಕೆ ನಟೇಶ್ ಹೆಗಡೆಯವರ ಕನ್ನಡ ಸಿನಿಮಾ ಬಂದಿತ್ತು. ಆ ವಿಭಾಗ ನಡೆಸುವುದು ಆರ್ಸೆನಾಲ್ ಅನ್ನುವ ಸಂಸ್ಥೆ. ಅದರ ಆರ್ಟ್‌ಹೌಸ್ ಥಿಯೇಟರ್ ಈ ಊರಲ್ಲಿ 1970ರಿಂದ ಹೆಸರುವಾಸಿ. ತುಂಬಿದ ಹಾಲಿನಲ್ಲಿ ನನ್ನ ಸುತ್ತ ಇದ್ದವರೆಲ್ಲ ಕೆಳಗಿನ ಸಾಲು ಓದುತ್ತಿದ್ದರು. ನಾನೊಬ್ಬ ಓದದೆ ಕೇಳುತ್ತಿದ್ದೆ. ನಮ್ಮ ಮಲೆನಾಡಿನ ಮಳೆ, ನಮ್ಮ ಮಾತು. ಎಷ್ಟೋ ವರ್ಷದ ಮೇಲೆ ಒಂದು ಸಿನಿಮಾವನ್ನು ಪೂರ್ತಿ ಕಣ್ಣಿನಿಂದ, ಪೂರ್ತಿ ಕಿವಿಯಿಂದ ನೋಡಿದ ಹಾಗಾಯಿತು. ಅಪ್ಪ ಆವತ್ತು ಕಳೆದುಕೊಂಡಿದ್ದು ಏನು ಅಂತ ಆಗ ಸರಿಯಾಗಿ ಗೊತ್ತಾಯಿತು.

ಆ ಚಳಿಗಾಲದಲ್ಲೇ ಇನ್ನೊಂದು ಶೋ ಆದ ಮೇಲೆ ಜಾರ್ಜಿಯಾ ದೇಶದ ಒಬ್ಬ ಯುವ ನಿರ್ದೇಶಕಿ ಸಿಕ್ಕರು. ನಿಮ್ಮ ಸಿನಿಮಾಗೆ ಕನ್ನಡ ಸಬ್‌ಟೈಟಲ್ ಮಾಡಿ ಮನೆಯವರಿಗೆ ತೋರಿಸಲಾ ಅಂತ ಕೇಳಿದೆ. ಕನ್ನಡ ಎಲ್ಲಿಯ ಭಾಷೆ ಅಂತ ಕೇಳಿ ತಿಳಿದುಕೊಂಡು, ಖುಷಿಯಿಂದ ಒಪ್ಪಿಕೊಂಡರು. ಅಂದಿನಿಂದ ನಾನೂ ಇಬ್ಬರು ಗೆಳೆಯರೂ ಭಾನುವಾರ ಕೂತು ಬರೆಯುತ್ತಿದ್ದೇವೆ. ಅದೇನು ಸುಲಭದ ಕೆಲಸ ಅಲ್ಲ. ಒಂದು ಸಾಲಿಗೆ ನಲವತ್ತು ಅಕ್ಷರದ ಆಸುಪಾಸು, ಪರದೆ ಮೇಲೆ ಇರುವುದು ಕೆಲವೇ ಸೆಕೆಂಡು. ನಮ್ಮ ಕ್ರಿಯಾಪದಗಳೋ ರೈಲಿನಷ್ಟು ಉದ್ದ. "ಅವಳು ಅವತ್ತೇ ಹೊರಟುಹೋಗಿಬಿಡಬೇಕಾಗಿತ್ತು" ಅಂತ ಬರೆದರೆ ಓದಿ ಮುಗಿಯುವಷ್ಟರಲ್ಲಿ ಅವಳು ನಿಜವಾಗಿಯೂ ಹೋಗಿರುತ್ತಾಳೆ. "ಅವತ್ತೇ ಹೋಗಬೇಕಿತ್ತು" ಅಂತ ಇಳಿಸಿದೆವು. ಸಿನಿಮಾದ ಅಜ್ಜಿ ಯಾವ ಕಡೆಯ ಕನ್ನಡ ಆಡಬೇಕು ಅಂತ ಒಂದು ಇಡೀ ಸಂಜೆ ವಾದ ನಡೆಯಿತು.

ಡಿಸೆಂಬರಿನಲ್ಲಿ ಊರಿಗೆ ಹೊರಟಿದ್ದೇನೆ. ಅಪ್ಪನಿಗೆ ಫೋನಿನಲ್ಲಿ ಹೇಳಿದೆ. "ಅಕ್ಷರ ದಪ್ಪ ಇರ್ಲಿ" ಅಂದರು. ಇನ್ನೂ ಮುನ್ನೂರು ಸಾಲು ಬಾಕಿ ಇದೆ.