ಎರಡೇ ಎರಡು ಇಂಚು

ಪಾರ್ಲರಿನ ಹುಡುಗಿ ಮೊದಲು ಕೇಳಿದ್ದೇ ಕನ್ನಡಕ. “ಕೊಡಿ ಮೇಡಂ, ಇಲ್ಲೇ ಇಟ್ಟಿರ್ತೀನಿ” ಅಂದಳು. ಕೊಟ್ಟೆ. ನನ್ನದು ಮೈನಸ್ ನಾಲ್ಕೂವರೆ. ಕನ್ನಡಕ ತೆಗೆದರೆ ಎದುರಿನ ಕನ್ನಡಿಯಲ್ಲಿ ಕಾಣೋದು ಕಪ್ಪು ಬಟ್ಟೆ ಹೊದ್ದ ಒಂದು ಗುಡ್ಡೆ, ಅದರ ಹಿಂದೆ ಓಡಾಡುವ ಇನ್ನೊಂದು ಮಸುಕು.

“ಎಷ್ಟು ತೆಗೀಲಿ?”

“ಎರಡೇ ಎರಡು ಇಂಚು. ತುದಿ ಸೀಳಿದೆಯಲ್ಲ, ಅಷ್ಟು ಮಾತ್ರ” ಅಂದೆ. ಅನುಮಾನ ಬೇಡ ಅಂತ ಹೆಬ್ಬೆರಳು, ತೋರುಬೆರಳು ಅಗಲಿಸಿ ತೋರಿಸಿಯೂ ತೋರಿಸಿದೆ. ಅವಳು “ಗೊತ್ತಾಯ್ತು ಮೇಡಂ” ಅಂದಳು. ಆಮೇಲೆ ಕತ್ತರಿ ಸದ್ದು ಕೇಳುತ್ತಾ ಹೋಯಿತು. ಎರಡು ಇಂಚಿಗೆ ಇಷ್ಟು ಹೊತ್ತು ಬೇಕಾ ಅಂತ ಅನ್ನಿಸಿತ್ತು. ಆದರೆ ಕಣ್ಣು ಕಾಣದವರು ಸ್ವಲ್ಪ ನಂಬಿಕೆಯ ಮೇಲೆ ಬದುಕಬೇಕಾಗುತ್ತದೆ.

ಕನ್ನಡಕ ವಾಪಸ್ ಬಂತು. ಹಾಕಿಕೊಂಡೆ. ಸೊಂಟದ ಹತ್ತಿರ ಇದ್ದದ್ದು ಹೆಗಲಿಗೆ ಬಂದಿತ್ತು. ಅದೂ ಒಂದು ಹೆಗಲಿಗೆ ಮುಟ್ಟುತ್ತಿತ್ತು, ಇನ್ನೊಂದಕ್ಕೆ ಮುಟ್ಟುತ್ತಿರಲಿಲ್ಲ. “ಲೇಯರ್ ಕೊಟ್ಟಿದೀನಿ ಮೇಡಂ, ಮುಖಕ್ಕೆ ಸೂಟ್ ಆಗುತ್ತೆ” ಅಂದಳು. ಅಷ್ಟೇ ಅಲ್ಲ, ಹಿಂದಿನಿಂದ ಒಂದು ಕೈಗನ್ನಡಿ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ತೋರಿಸಿ, “ಹೆಂಗಿದೆ ಮೇಡಂ?” ಅಂತ ಕೇಳಿದಳು.

“ಚೆನ್ನಾಗಿದೆ” ಅಂದೆ.

ಐನೂರು ಕೊಟ್ಟೆ. ಮೇಲೆ ಐವತ್ತೂ ಕೊಟ್ಟೆ. ಮೆಟ್ಟಿಲು ಇಳಿದು, ಸ್ಕೂಟಿಯ ಕನ್ನಡಿಯಲ್ಲಿ ಇನ್ನೊಮ್ಮೆ ನೋಡಿಕೊಂಡು, ಅಲ್ಲೇ ನಿಂತು ಅತ್ತೆ. ಯಾಕೆ ಚೆನ್ನಾಗಿದೆ ಅಂದೆ? ನಲವತ್ತೆಂಟು ವರ್ಷದವಳು, ಮನೆಯಲ್ಲಿ ಉಪ್ಪು ಒಂದು ಹರಳು ಹೆಚ್ಚಾದರೂ ಹೇಳುವವಳು, ಬ್ಯಾಂಕಿನಲ್ಲಿ ಮ್ಯಾನೇಜರಿಗೇ ಎದುರು ಮಾತಾಡುವವಳು, ಇಪ್ಪತ್ತೆರಡು ವರ್ಷದ ಹುಡುಗಿ ಕೈಗನ್ನಡಿ ಹಿಡಿದ ಕೂಡಲೇ ಚೆನ್ನಾಗಿದೆ ಅನ್ನೋದು ಯಾಕೆ? ಇದಕ್ಕೆ ನನಗೆ ಒಂದು ಕಾರಣ ಹೊಳೆದಿದೆ. ಕೊನೆಗೆ ಹೇಳ್ತೀನಿ.

ಮನೆಯಲ್ಲಿ ಅತ್ತೆಯವರು ನೋಡಿದ ಕೂಡಲೇ ಎದೆಯ ಮೇಲೆ ಕೈ ಇಟ್ಟುಕೊಂಡರು. ಪಾಪ, ಇವರಿಗಾದರೂ ನನ್ನ ಕಷ್ಟ ಗೊತ್ತಾಯ್ತಲ್ಲ ಅಂದುಕೊಂಡೆ. “ಶುಕ್ರವಾರ ಹೋಗಿ ಕತ್ತರಿಸಿಕೊಂಡು ಬಂದ್ಯಲ್ಲ!” ಅಂದರು. ಒಂದಡಿ ಹೋದದ್ದು ಅವರಿಗೆ ದೊಡ್ಡದಲ್ಲ, ಬೇರೆ ದಿನ ಹೋಗಬಹುದಿತ್ತು ಅಷ್ಟೇ. ನನ್ನ ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ. ಅವರಿಗೆ ಈ ಸಂಕಟ ಅರ್ಥವಾಗುವುದೇ ಇಲ್ಲ. ಇಪ್ಪತ್ತು ವರ್ಷದಿಂದ ಒಂದೇ ಕುರ್ಚಿಗೆ ಹೋಗಿ ಕೂರುತ್ತಾರೆ. ಕತ್ತರಿ ಹಿಡಿದವನು ಏನೂ ಕೇಳುವುದಿಲ್ಲ, ಇವರು ಏನೂ ಹೇಳುವುದಿಲ್ಲ. ರಾಜಕೀಯ ಮಾತಾಡುತ್ತಾರೆ. ಹದಿನೈದು ನಿಮಿಷಕ್ಕೆ ಕತ್ತು ಪಳಪಳ ಹೊಳೆಸಿಕೊಂಡು, ತಲೆ ತಟ್ಟಿಸಿಕೊಂಡು, ನೂರು ರೂಪಾಯಿ ಕೊಟ್ಟು ಬರುತ್ತಾರೆ. “ನಿಮ್ಮ ಮುಖಕ್ಕೆ ಲೇಯರ್ ಸೂಟ್ ಆಗುತ್ತೆ” ಅಂತ ಅವರಿಗೆ ಯಾರೂ ಹೇಳಿಲ್ಲ. “ಹೇರ್ ಫಾಲ್ ಜಾಸ್ತಿ ಇದೆ, ಸ್ಪಾ ಮಾಡಿಸಿ” ಅಂತಲೂ ಹೇಳಿಲ್ಲ. ಹೇಳೋಕೆ ಅಲ್ಲಿ ಬೀಳುವಂಥದ್ದು ಏನೂ ಉಳಿದಿಲ್ಲ, ಅದು ಬೇರೆ ಮಾತು.

ಕೂದಲು ಹೋದ ದುಃಖಕ್ಕೆ ಬಟ್ಟೆ ತಗೊಳ್ಳೋಣ ಅಂತ ಮರುದಿನ ಪೇಟೆಗೆ ಹೋದೆ. ಅಣ್ಣನ ಮಗಳ ಮದುವೆ ಬೇರೆ ಹತ್ತಿರ ಬಂದಿತ್ತು. ಇದು ಬುದ್ಧಿವಂತರು ಮಾಡುವ ಕೆಲಸವಲ್ಲ. ಒಂದು ಕಡೆ ಸೋತು ಬಂದವರು ಮರುದಿನವೇ ಇನ್ನೊಂದು ಕಣಕ್ಕೆ ಇಳಿಯಬಾರದು.

ನಮ್ಮ ದಾವಣಗೆರೆಗೆ ಬಟ್ಟೆ ಮಿಲ್ಲುಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿತ್ತು. ಮಿಲ್ಲಿನ ಸೈರನ್ ಕೇಳಿ ಅಡುಗೆಗೆ ಇಡುತ್ತಿದ್ದೆವು ಅಂತ ಅತ್ತೆಯವರು ಈಗಲೂ ಹೇಳುತ್ತಾರೆ. ಈಗ ಆ ಸೈರನ್ನೂ ಇಲ್ಲ, ಮ್ಯಾಂಚೆಸ್ಟರ್ರೂ ಇಲ್ಲ. ಬೆಣ್ಣೆ ದೋಸೆ ಇದೆ. ನಿನಗೆ ಬಟ್ಟೆ ಹಿಡಿಸದಿರುವುದಕ್ಕೆ ಅದೇ ಕಾರಣ ಅಂತ ನನ್ನ ಗಂಡನ ಅಭಿಪ್ರಾಯ. ಅದನ್ನು ಇಲ್ಲಿ ಚರ್ಚಿಸುವುದಿಲ್ಲ.

ಮಂಡಿಪೇಟೆಯ ಒಂದು ಅಂಗಡಿಯಲ್ಲಿ ನಾನು ಲಾರ್ಜ್. ನಾಲ್ಕು ಅಂಗಡಿ ದಾಟಿದರೆ ಡಬಲ್ ಎಕ್ಸೆಲ್. ಅದೇ ದಿನ, ಅದೇ ಬೀದಿ, ಅದೇ ನಾನು. ನಡುವೆ ಒಂದು ಲೋಟ ಕಬ್ಬಿನ ಹಾಲು ಕುಡಿದಿದ್ದೆ, ಅಷ್ಟೇ. ಆ ಎರಡನೇ ಅಂಗಡಿಯ ಟ್ರಯಲ್ ರೂಮಿಗೆ ಚಿಲಕ ಇರಲಿಲ್ಲ. ಒಂದು ಕಾಲಲ್ಲಿ ಬಾಗಿಲು ಒತ್ತಿ ಹಿಡಿದು ಕುರ್ತಿ ತಲೆಯ ಮೇಲಿಂದ ಹಾಕಿಕೊಂಡೆ. ತೋಳಿನವರೆಗೆ ಇಳಿದು ನಿಂತುಬಿಟ್ಟಿತು. ಕೆಳಕ್ಕೆ ಎಳೆದರೆ ಹೊಲಿಗೆ ಟಿರ್ರ್ ಅನ್ನುತ್ತದೆ. ಮೇಲಕ್ಕೆ ಎಳೆದರೆ ಕಿವಿಯ ಓಲೆಗೆ ಸಿಕ್ಕಿಕೊಳ್ಳುತ್ತದೆ. ಎರಡೂ ಕೈ ಮೇಲೆತ್ತಿ, ಸಿಕ್ಕಿಬಿದ್ದ ಕಳ್ಳಿಯ ಹಾಗೆ, ಕತ್ತಲಲ್ಲಿ ಒಂಟಿ ಕಾಲಲ್ಲಿ ನಿಂತಿದ್ದೆ. ಹೊರಗಿಂದ “ಆಯ್ತಾ ಮೇಡಂ, ಕರೆಕ್ಟ್ ಆಯ್ತಾ?” ಅಂತ ದನಿ ಬಂತು. ಬಟ್ಟೆಯ ಒಳಗಿಂದಲೇ “ಆಯ್ತು” ಅಂದೆ.

ಆ ಕುರ್ತಿಗೆ ಜೇಬಿತ್ತು, ಹೇಳೋದು ಮರೆತೆ. ಜೇಬಿದೆ ಅಂತಲೇ ಆಸೆಪಟ್ಟು ಆರಿಸಿದ್ದೆ. ಮೊಬೈಲು ಇಟ್ಟರೆ ಅರ್ಧ ಹೊರಗೇ ಇಣುಕುತ್ತದೆ. ಶಕ್ತಿ ಯೋಜನೆಯ ಫ್ರೀ ಟಿಕೆಟ್ ಮಾತ್ರ ಸರಿಯಾಗಿ ಹಿಡಿಸುತ್ತದೆ. ಹೆಂಗಸರಿಗೆ ಇನ್ನೇನಿರುತ್ತೆ ಜೇಬಲ್ಲಿಡೋಕೆ ಅಂತ ಹೊಲಿದವರು ಅಂದುಕೊಂಡಿರಬೇಕು.

ನಮ್ಮ ದೇಶದವರ ಮೈಯಳತೆ ಪಟ್ಟಿ ಮಾಡೋಕೆ ಅಂತ ಫ್ಯಾಷನ್ ಕಲಿಸುವ ನಿಫ್ಟ್ ಸಂಸ್ಥೆ ‘ಇಂಡಿಯಾ ಸೈಜ್’ ಅಂತ ಒಂದು ಸಮೀಕ್ಷೆಗೆ ಕೈ ಹಾಕಿತು. 25,000 ಜನರನ್ನು ಮಿಷಿನ್ನಿನಲ್ಲಿ ನಿಲ್ಲಿಸಿ ಅಳೆಯುವ ಯೋಜನೆ. ಓದಿ ಖುಷಿಯಾಗಿತ್ತು. ಎಲ್ಲೆಲ್ಲಿ ಅಂತ ನೋಡಿದರೆ ದೆಹಲಿ, ಮುಂಬೈ, ಕೋಲ್ಕತ್ತ, ಹೈದರಾಬಾದ್, ಬೆಂಗಳೂರು, ಶಿಲ್ಲಾಂಗ್. ಶಿಲ್ಲಾಂಗಿನವರೆಗೆ ಟೇಪು ಹಿಡಿದು ಹೋದವರಿಗೆ ದಾರಿಯಲ್ಲಿ ದಾವಣಗೆರೆ ಸಿಗಲಿಲ್ಲ. ಬಟ್ಟೆ ನೇಯ್ದು ಹೆಸರು ಮಾಡಿದ ಊರು, ಬಟ್ಟೆ ಹಾಕಿಕೊಳ್ಳೋದಕ್ಕೆ ಲೆಕ್ಕಕ್ಕಿಲ್ಲ.

ಅಲ್ಲಿಂದ ಚಪ್ಪಲಿ ಅಂಗಡಿ. ಹುಡುಗ ಒಂದು ಕೈಯಲ್ಲಿ ಮೊಬೈಲ್ ನೋಡುತ್ತಲೇ ಇನ್ನೊಂದು ಕೈಯಲ್ಲಿ ಡಬ್ಬಿ ಬಿಚ್ಚಿದ. ಆರನೇ ನಂಬರು. ಬೆರಳುಗಳು ಒಳಗೆ ಹೋಗಲಿಲ್ಲ. ಏಳು ಹಾಕಿದರೆ ಹಿಂದೆ ಒಂದು ಬೆರಳು ಜಾಗ ಉಳಿಯಿತು. ಆರೂವರೆ ಇಲ್ಲವಂತೆ. “ನಿಮ್ಮ ಕಾಲೇ ಅಗಲ ಐತಿ ಅಕ್ಕಾರೆ, ಅದಕ್ಕೇ” ಅಂದ. ಕಾಲು ನನ್ನ ತಪ್ಪು ಅನ್ನುವ ಹಾಗೆ. ಆಮೇಲೆ ಗದ್ದ ಎತ್ತಿ ಮೂಲೆಯ ಕಡೆ ತೋರಿಸಿದ. ಅಲ್ಲಿ ಕಪ್ಪು, ದಪ್ಪ, ಮೆತ್ತನೆಯ ಡಾಕ್ಟರ್ ಚಪ್ಪಲಿಗಳು ಸಾಲಾಗಿ ಕೂತಿದ್ದವು. “ವಯಸ್ಸಾದೋರದು ಆ ಕಡೆ ಅದಾವು.”

ಚಪ್ಪಲಿ ಅಂದ ಕೂಡಲೇ ನನಗೆ ನಮ್ಮಜ್ಜ ನೆನಪಾಗುತ್ತಾರೆ. ಇದು ಅರವತ್ತರ ದಶಕದ ಮಾತು. ದಾವಣಗೆರೆ ಆಗ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು. ಜಿಲ್ಲೆಯಾಗಿದ್ದು 1997ರಲ್ಲಿ. ಅಜ್ಜನದು ಜಗಳೂರು ಕಡೆಯ ಹಳ್ಳಿ. ಶೇಂಗಾ ಮಾರೋಕೆ ದಾವಣಗೆರೆ ಮಂಡಿಗೆ ಬರುತ್ತಿದ್ದರು. ಅಜ್ಜಿ ಅಲ್ಲಿಯವರೆಗೆ ಚಪ್ಪಲಿ ಮೆಟ್ಟಿದವರೇ ಅಲ್ಲ. ಆ ಬೇಸಿಗೆಯಲ್ಲಿ ಹೊಲದ ದಾರಿಯಲ್ಲಿ ಜಾಲಿ ಮುಳ್ಳು ಚುಚ್ಚಿ ವಾರ ಕುಂಟಿದ ಮೇಲೆ, “ನನಗೂ ಒಂದು ಜೊತೆ ತಂದುಕೊಡ್ರಿ” ಅಂತ ಕೇಳಿದರಂತೆ.

ಹೆಂಡತಿಯನ್ನು ಅಂಗಡಿಗೆ ಕರೆದುಕೊಂಡು ಹೋಗುವ ರೂಢಿ ಇರಲಿಲ್ಲ. ಅಜ್ಜ ಕಸಬರಿಗೆಯಿಂದ ಒಂದು ಕಡ್ಡಿ ಹಿರಿದರು. ಅಜ್ಜಿ ನಡುಮನೆಯ ಗೋಡೆಗೆ ಹಿಮ್ಮಡಿ ಒತ್ತಿ ನಿಂತರು. ಹೆಬ್ಬೆರಳ ತುದಿಗೆ ಕಡ್ಡಿ ಎಷ್ಟು ಬಂತೋ ಅಷ್ಟಕ್ಕೆ ಉಗುರಲ್ಲಿ ಚಿವುಟಿ, ಮುರಿದು, ಅಂಗಿಯ ಮೇಲಿನ ಜೇಬಿನಲ್ಲಿ ಬೀಡಿ ಕಟ್ಟಿನ ಪಕ್ಕ ಇಟ್ಟುಕೊಂಡರು. “ಕಳೀಬ್ಯಾಡ್ರಿ” ಅಂತ ಅಜ್ಜಿ ಎರಡು ಸಲ ಹೇಳಿದರಂತೆ. ಕಳೆಯಲಿಲ್ಲ. ಅದು ಅಜ್ಜ ಕೊನೆಯವರೆಗೂ ಎತ್ತಿ ಎತ್ತಿ ಹೇಳುತ್ತಿದ್ದ ಮಾತು. ನಾನೇನು ಕಡ್ಡಿ ಕಳೆದೆನಾ?

ಶೇಂಗಾಕ್ಕೆ ಒಳ್ಳೆಯ ರೇಟು ಸಿಕ್ಕಿತು. ಅಜ್ಜನಿಗೆ ಖುಷಿಯಾಯಿತು. ದಾವಣಗೆರೆಯಲ್ಲಿ ಖುಷಿಯಾದವರು ಏನು ಮಾಡುತ್ತಾರೋ ಅದನ್ನೇ ಮಾಡಿದರು. ಮಂಡಕ್ಕಿ ಮಿರ್ಚಿ ತಿಂದರು. ಅಜ್ಜನ ಹಲ್ಲುಗಳ ನಡುವೆ ಎತ್ತಿನ ಗಾಡಿ ಹೋಗುವಷ್ಟು ದಾರಿ ಇತ್ತು ಅಂತ ಅಮ್ಮ ಹೇಳುತ್ತಾರೆ. ಮೆಣಸಿನಕಾಯಿ ಸಿಪ್ಪೆ ಹೋಗಿ ಅಲ್ಲಿ ಕೂತಿತು. ಜೇಬಿನಲ್ಲಿ ಕಡ್ಡಿ ಇತ್ತು. ಕೆದಕಿದರು. ತುದಿ ಮೆತ್ತಗಾಯಿತು. ಮೆತ್ತಗಾದಷ್ಟನ್ನು ಕಚ್ಚಿ ಉಗಿದು ಮತ್ತೆ ಕೆದಕಿದರು. ಮೆಣಸಿನಕಾಯಿ ಆದ ಮೇಲೆ ಮಂಡಕ್ಕಿ ಇತ್ತು. ಎಷ್ಟು ಸಲ ಕಚ್ಚಿದರು ಅನ್ನೋದಕ್ಕೆ ಸಾಕ್ಷಿ ಇಲ್ಲ. ಕೆಲಸ ಮುಗಿದ ಮೇಲೆ ಕಡ್ಡಿಯನ್ನು ಜೋಪಾನವಾಗಿ ಪಂಚೆಗೆ ಒರೆಸಿ ಜೇಬಿಗೆ ಇಟ್ಟುಕೊಂಡರು.

ಅಂಗಡಿಯಲ್ಲಿ ಕಡ್ಡಿ ಹೊರಗೆ ತೆಗೆದಾಗ ಅಂಗಡಿಯವನು, “ಮಗಳಿಗೇನ್ರೀ?” ಅಂದ.

“ಅಲ್ಲ, ನಮ್ಮ ಮನೆಯಾಕೆಗೆ.”

“ಭಾಳ ಸಣ್ಣ ಕಾಲು ಬಿಡ್ರಿ ಅವರದು!”

ಅಜ್ಜನಿಗೆ ಹೆಮ್ಮೆಯಾಯಿತು. ಅದುವರೆಗೆ ಹೆಂಡತಿಯ ಕಾಲು ಸಣ್ಣದು ಅಂತ ಅವರಿಗೇ ಗೊತ್ತಿರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನಿಗೆ ಚಪ್ಪಲಿ ತೋರಿಸಿ, “ನಮ್ಮ ಮನೆಯಾಕೆಯದು ಬೊಂಬೆ ಕಾಲು” ಅಂತ ಹೇಳಿಕೊಂಡು ಬಂದರಂತೆ. ಆ ಬಸ್ಸಿನವರ ಪೈಕಿ ಒಬ್ಬರು ನಮ್ಮೂರಿನವರೇ ಇದ್ದರು. ಅಜ್ಜಿ ಹೋದಲ್ಲೆಲ್ಲ ಜನ ಕಾಲು ನೋಡೋದು ಆರು ತಿಂಗಳು ನಿಲ್ಲಲಿಲ್ಲ.

ಮನೆಯಲ್ಲಿ ಅಜ್ಜಿ ಚಪ್ಪಲಿಗೆ ಕಾಲು ತೂರಿಸಿದರು. ಹಿಮ್ಮಡಿ ಮೂರು ಬೆರಳು ಹೊರಗೆ, ನೆಲದ ಮೇಲೆ ನಿಂತಿತು. ಅಜ್ಜ ನೋಡಿ, ಒಂದು ಕ್ಷಣವೂ ಯೋಚಿಸದೆ, “ಬೆಳಿಗ್ಗೆ ಸರಿ ಇತ್ತು. ಸಂಜೀಕೆ ನಿನ್ನ ಕಾಲು ಉಬ್ಬ್ಯಾವೆ” ಅಂದರಂತೆ.

ಅಜ್ಜಿ ಜಗಳಕ್ಕೆ ಹೋಗಲಿಲ್ಲ. “ಕಡ್ಡಿ ತೆಗೀರಿ” ಅಂದರು. ಕಾಲಿನ ಪಕ್ಕ ಇಟ್ಟರು. ಕಡ್ಡಿಯ ತುದಿ ನೋಡಿದರು, ಅಜ್ಜನ ಬಾಯಿ ನೋಡಿದರು.

“ಮಧ್ಯಾಹ್ನ ಏನ್ ತಿಂದ್ರಿ?”

“ಮಿರ್ಚಿ.”

“ನನ್ನ ಕಾಲು ಸರಿಯಾಗೇ ಅದಾವು. ನಿಮ್ಮ ಹಲ್ಲಿಗೆ ಹೋಗಿ ಚಪ್ಪಲಿ ತಂದೀರಿ” ಅಂದರು.

ಆ ಚಪ್ಪಲಿ ಹನ್ನೊಂದು ವರ್ಷದ ನಮ್ಮಮ್ಮನಿಗೆ ಸರಿಯಾಗಿ ಹಿಡಿಸಿತು. ಕ್ಲಾಸಿನಲ್ಲಿ ಚಪ್ಪಲಿ ಹಾಕಿಕೊಂಡು ಹೋದ ಮೊದಲ ಹುಡುಗಿ ಅಮ್ಮನೇ. ಈಗಲೂ ಮಿರ್ಚಿ ಅಂದರೆ ಒಂದು ಗೌರವ ಇಟ್ಟುಕೊಂಡಿದ್ದಾರೆ. ಮುಂದಿನ ವಾರ ಅಜ್ಜಿ ಕಡ್ಡಿ ಕೊಡಲಿಲ್ಲ. ದಾರದಲ್ಲಿ ಅಳೆದು ಎರಡೂ ತುದಿಗೆ ಗಂಟು ಹಾಕಿ ಕಳಿಸಿದರು. ದಾರದಲ್ಲಿ ಹಲ್ಲು ಕೆದಕೋಕೆ ಆಗಲ್ಲ ಅಂತ. (ಈಗ ಅದೂ ಬಂದಿದೆ, ಬಿಡಿ.)

ಕಡ್ಡಿ ಅಂತ ನಗಬೇಡಿ. ಅಂಗಡಿಯ ಹುಡುಗ ಅಷ್ಟು ಠೀವಿಯಿಂದ ಹೇಳುವ ಆರು, ಏಳು ಅನ್ನುವ ಇಂಗ್ಲಿಷರ ನಂಬರಿನ ಹಿಂದೆ ಇರುವುದು ಬಾರ್ಲಿ ಕಾಳು. ಒಂದು ನಂಬರಿಗೂ ಇನ್ನೊಂದಕ್ಕೂ ಇಂಚಿನ ಮೂರರಲ್ಲೊಂದು ಭಾಗ ವ್ಯತ್ಯಾಸ, ಅದು ಒಂದು ಬಾರ್ಲಿ ಕಾಳಿನ ಉದ್ದ. ಅವರು ಗಂಜಿ ಕಾಳಲ್ಲಿ ಅಳೆದರೆ ಅಳತೆ, ನಮ್ಮಜ್ಜ ಕಸಬರಿಗೆಯಲ್ಲಿ ಅಳೆದರೆ ತಮಾಷೆ, ಅಲ್ವಾ? ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು ದೇಶದ 79 ಕಡೆ ಹೋಗಿ ಒಂದು ಲಕ್ಷಕ್ಕೂ ಜಾಸ್ತಿ ಜನರ ಕಾಲು ಅಳೆದರು. ನಮ್ಮವರ ಕಾಲು ಯುರೋಪು, ಅಮೆರಿಕದವರ ಕಾಲಿಗಿಂತ ಅಗಲ ಅಂತ ಗೊತ್ತಾಯಿತು. ನಮಗೇ ಬೇರೆ ಅಳತೆ ಬೇಕು ಅಂತಾಗಿ ಅದಕ್ಕೆ ‘ಭ’ ಅಂತ ಹೆಸರನ್ನೂ ಇಟ್ಟರು. ಅಂದರೆ ಒಂದು ಲಕ್ಷ ಜನ ನನ್ನ ಪರವಾಗಿ ಕಾಲು ಚಾಚಿ ಸಾಕ್ಷಿ ಹೇಳಿದ್ದಾರೆ. ಆದರೂ ಆ ಹುಡುಗನ ಎದುರು ನನ್ನ ಬಾಯಿಂದ ಒಂದು ಮಾತು ಹೊರಡಲಿಲ್ಲ. “ಹಾಕ್ತಾ ಹಾಕ್ತಾ ಬಿಡ್ತಾವೆ ಅಕ್ಕಾರೆ” ಅಂದ. ಆರನೇ ನಂಬರನ್ನೇ ಕಟ್ಟಿಸಿಕೊಂಡು ಬಂದೆ.

ಬಿಡಲಿಲ್ಲ. ಮದುವೆಯಲ್ಲಿ ಅರ್ಧ ಗಂಟೆ ನಿಂತಿದ್ದೆ, ಕಿರುಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿತು. ಕಲ್ಯಾಣ ಮಂಟಪದ ಬಾಗಿಲ ಬಳಿ ಬಿಚ್ಚಿಟ್ಟು, ಬರಿಗಾಲಲ್ಲಿ ಓಡಾಡಿದೆ. ಮದುವೆ ಮನೆಯಲ್ಲಿ ಚಪ್ಪಲಿ ಉಳಿಯಲ್ಲ ಅಂತಾರೆ. ನನ್ನ ಆಸೆಯೂ ಅದೇ ಇತ್ತು. ಊಟ ಮುಗಿಸಿ ಬಂದು ನೋಡಿದರೆ ನನ್ನ ಅಕ್ಕಪಕ್ಕದ ಎರಡು ಜೊತೆ ಹೋಗಿದ್ದವು. ನನ್ನದು ಇಟ್ಟಲ್ಲೇ ಇತ್ತು. ಕದಿಯೋರೂ ಹಾಕಿ ನೋಡಿಯೇ ಕದಿಯುತ್ತಾರೆ ಅಂತ ಕಾಣುತ್ತದೆ.

ಚೆನ್ನಾಗಿದೆ ಅಂತ ಯಾಕೆ ಅಂದೆ ಅನ್ನೋದನ್ನ ಕೊನೆಗೆ ಹೇಳ್ತೀನಿ ಅಂದಿದ್ದೆ. ಬರೆಯೋಕೆ ಕೂತಾಗ ಆ ಕಾರಣ ಇತ್ತು, ತಕ್ಕಮಟ್ಟಿಗೆ ದೊಡ್ಡದೇ ಇತ್ತು. ಅಜ್ಜನ ಹಲ್ಲಿನ ಸಂದಿಯಲ್ಲಿ ಎಲ್ಲೋ ಸಿಕ್ಕಿಕೊಂಡಿತು. ಸಿಕ್ಕರೆ ತಿಳಿಸ್ತೀನಿ.

ಎರಡು ತಿಂಗಳಾಯಿತು. ಆ ಗಿಡ್ಡ ಹೆಗಲ ಕಡೆಯ ಕೂದಲು ಸರಿ ಮಾಡಿಸಬೇಕಿತ್ತು. ಬೇರೆ ಪಾರ್ಲರಿಗೆ ಹೋಗಬಹುದಿತ್ತು. ಆದರೆ ಅಲ್ಲಿ ಇನ್ನೊಂದು ಹೊಸ ಕತ್ತರಿ ಇರುತ್ತದೆ. ಇವಳದಾದರೆ ಕಂಡ ಕತ್ತರಿ ಅಂತ ಅಲ್ಲಿಗೇ ಹೋದೆ. ಮನೆಯಿಂದ ಹೊರಡುವಾಗಲೇ ಗಟ್ಟಿ ಮಾಡಿಕೊಂಡಿದ್ದೆ. ಈ ಸಲ ಏನೇ ಆದರೂ ಕನ್ನಡಕ ತೆಗೆಯಬಾರದು. ಅಳತೆಗೆ ಅಂತ ಮಗಳ ಜಾಮಿಟ್ರಿ ಬಾಕ್ಸಿನಿಂದ ಸ್ಕೇಲನ್ನೂ ಬ್ಯಾಗಿಗೆ ಹಾಕಿಕೊಂಡಿದ್ದೆ. ಕುರ್ಚಿಯಲ್ಲಿ ಕೂತೆ. ಕತ್ತಿಗೆ ಕಪ್ಪು ಬಟ್ಟೆ ಕಟ್ಟಿದಳು. ಕೈ ಎರಡೂ ಬಟ್ಟೆಯ ಒಳಗಾದವು, ಬ್ಯಾಗು ಗೋಡೆಯ ಮೊಳೆಯಲ್ಲಿತ್ತು.

“ಕನ್ನಡಕ ಕೊಡಿ ಮೇಡಂ” ಅಂದಳು.

ಕೊಟ್ಟೆ.